ಅತ್ತೆ ಬಿಟ್ಟುಬಂದ ಕಂಬಳಿ

ಅತ್ತೆಯ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಮಾತಾಡುತ್ತಾ ಕುಳಿತರೆ ಸೆರಗಿನ ಅಂಚೋ, ಬಸ್ಸಿನ ಟಿಕೆಟ್ಟೋ, ಹೂವು ಕಟ್ಟಿದ ಬಾಳೆನಾರೋ, ಕೈಗೆ ಸಿಕ್ಕಿದ್ದನ್ನು ಆ ಎರಡು ಬೆರಳ ನಡುವೆ ಇಟ್ಟು ಹೊಸೆಯುತ್ತಲೇ ಇರುತ್ತಿದ್ದಳು. ಹುಡುಗಿಯಾಗಿದ್ದಾಗಿನಿಂದ ಉಣ್ಣೆ ನೂತ ಕೈ ಅದು. ತೋರುಬೆರಳಿನ ಪಕ್ಕದಲ್ಲಿ ನೂಲು ಕೊರೆದ ಗೆರೆಯೊಂದು ಕೂದಲಿನಷ್ಟು ಸಣ್ಣಗೆ ಕಾಣುತ್ತಿತ್ತು. ಆಸ್ಟ್ರೇಲಿಯಾದಲ್ಲಿ ಅರ್ಧ ಆಯುಸ್ಸು ಕಳೆದರೂ ಆ ಗೆರೆ ಮಾಸಲಿಲ್ಲ.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ತಾಳ್ಯದ ಪಕ್ಕದ ನಮ್ಮೂರಲ್ಲಿ, ಈಗ ನಾನು ಮಗ್ಗ ಹಾಕಿಕೊಂಡಿರುವ ಮನೆಯಲ್ಲೇ ಹುಟ್ಟಿದವಳು. ಮಾವ ಚಿತ್ರದುರ್ಗದ ಹತ್ತಿರದ ತಾಮ್ರದ ಗಣಿಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದರು. ಅಲ್ಲಿ ಕೆಲಸ ಕಲಿತವರಿಗೆ ಹೊರದೇಶದ ಗಣಿಗಳಲ್ಲಿ ಕರೆದು ಕೆಲಸ ಕೊಡುತ್ತಿದ್ದರಂತೆ. ಮೊದಲು ಜಾಂಬಿಯಾಕ್ಕೆ ಹೋದರು, ಅಲ್ಲಿಂದ ಆಸ್ಟ್ರೇಲಿಯಾದ ಪರ್ತ್ ಎಂಬ ಊರಿಗೆ. ಮಗಳು ಹುಟ್ಟಿದ್ದು, ಬೆಳೆದದ್ದು ಎಲ್ಲ ಅಲ್ಲೇ. ಒಬ್ಬಳೇ ಮಗಳು.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅಪ್ಪ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ಆಗಿನ್ನೂ ಅತ್ತೆ ದುರ್ಗದಲ್ಲೇ ಇದ್ದಳು. ಸುದ್ದಿ ಕೇಳಿ ಬಂದವಳು ನನ್ನನ್ನು ಬೈಯಲಿಲ್ಲ. ರಟ್ಟೆ ಹಿಡಿದು ಗುಂಡಿಮಗ್ಗಕ್ಕೆ ಇಳಿಸಿ, “ಓದಾದು ಬ್ಯಾಡಂದ್ರೆ ಬ್ಯಾಡ ಬಿಡು. ಆದ್ರೆ ಹೊಳಲ್ಕೆರೆ ಸಂತೇಲಿ ನಿನ್ ಕಂಬಳಿ ಮುಟ್ಟಿ ನೋಡಿದೋರು ಇನ್ನೊಬ್ರ ಕಂಬಳಿ ಮುಟ್ಬಾರ್ದು, ಹಂಗ್ ಕಲಿ” ಅಂದಳು. ಹರಿದ ನೂಲನ್ನು ಗಂಟು ಕಾಣದಂತೆ ಕೂಡಿಸುವುದನ್ನು ಅವತ್ತೇ ಹೇಳಿಕೊಟ್ಟಳು. ಇವತ್ತಿಗೂ ನಾನು ಯಾರ ಮುಂದೆಯೂ ಕೈಕಟ್ಟಿ ನಿಂತಿಲ್ಲ ಎಂದರೆ ಆ ಕೆಲಸದಿಂದಲೇ.

ಪರ್ತ್‌ನಿಂದ ಭಾನುವಾರ ಬೆಳಗ್ಗೆ ಫೋನು ಬರುತ್ತಿತ್ತು. ಬೇರೆಯವರ ಹಾಗೆ ಹೇಗಿದ್ದೀಯ, ಊಟ ಆಯಿತಾ ಎಂಬುದು ಅವಳಲ್ಲಿ ಇರಲಿಲ್ಲ.

“ಲೇ, ಮಳೆ ಬಂತೋ ಇಲ್ಲೋ? ಚೆಂದ ಮಾಡಿ ಹೇಳ್ಬ್ಯಾಡ, ಆದಂಗೆ ಹೇಳು.”

“ಬಂತು ಅತ್ತೆ. ಹಂಚು ನೆನೆಯಾ ಅಷ್ಟು.”

“ಅದನ್ನ ಮಳೆ ಅಂತಾರೇನೋ. ಸಾಕು, ಫೋನ್ ಮಗ್ಗದ ತಾವ ಇಡು.”

ನಾನು ಫೋನನ್ನು ಪಕ್ಕಕ್ಕಿಟ್ಟು ನೇಯುತ್ತಿದ್ದೆ. ಲಾಳಿ ಆ ಕಡೆಯಿಂದ ಈ ಕಡೆಗೆ ಹೋಗುವ ಸದ್ದನ್ನು ಅವಳು ಎಷ್ಟೋ ಹೊತ್ತು ಕೇಳುತ್ತಾ ಇರುತ್ತಿದ್ದಳು. ಒಮ್ಮೊಮ್ಮೆ ಆ ಕಡೆಯಿಂದ, “ಹೊಕ್ಕು ಸಡಿಲ ಆತು, ಬಿಗಿಯಾಗಿ ಹೊಡಿ” ಎಂದು ಬೈಗುಳವೂ ಬರುತ್ತಿತ್ತು. ನೋಡಿದರೆ ಅಡ್ಡನೂಲು ಸಡಿಲವೇ ಆಗಿರುತ್ತಿತ್ತು.

ಆ ದೇಶದಲ್ಲಿ ಕುರಿಗಳು ಜನರಿಗಿಂತ ಜಾಸ್ತಿಯಂತೆ. ಒಮ್ಮೆ ಕಾರಿನಲ್ಲಿ ಹೋಗುವಾಗ ಬೇಲಿಯಾಚೆ ದೊಡ್ಡ ಹಿಂಡು ಕಂಡು ಅತ್ತೆ ಮಾವನಿಗೆ ಹೇಳಿ ಕಾರು ನಿಲ್ಲಿಸಿದಳಂತೆ. ಸೀರೆ ಎತ್ತಿ ಸಿಕ್ಕಿಸಿಕೊಂಡು ಬೇಲಿಯ ಹತ್ತಿರ ಹೋಗಿ, ನಾಲಗೆ ಮಡಚಿ, ನಮ್ಮ ಕಡೆ ಕುರಿ ಕರೆಯುವ ಹಾಗೆ ಟುರ್ರ್ ಎಂದು ಕೂಗಿದಳಂತೆ.

“ಒಂದಾರ ತಲೆ ಎತ್ತಿ ನೋಡ್ಬೇಕಲ್ಲೋ. ಎಲ್ಲಾ ಬಿಳೇವು, ಒಂದು ಕರಿಕುರಿ ಇಲ್ಲ. ನಮ್ ಭಾಷೆ ಬರಲ್ಲ ಅವುಕ್ಕೆ” ಎಂದು ನಗುತ್ತಾ ಹೇಳಿದ್ದಳು.

ಅವಳು ಹೇಳದೆ ಬಿಟ್ಟದ್ದನ್ನು ಅವಳ ಮಗಳು ಎಷ್ಟೋ ವರ್ಷದ ಮೇಲೆ ಹೇಳಿದಳು. ಕಾರಿನ ಹಿಂದಿನ ಸೀಟಿನಲ್ಲಿ ಇವಳ ಜೊತೆ ಸ್ಕೂಲಿನ ಗೆಳತಿಯೊಬ್ಬಳು ಇದ್ದಳಂತೆ. ಮಾರನೆಯ ದಿನದಿಂದ ಇವಳನ್ನು ಕಂಡರೆ ಸ್ಕೂಲಿನ ಮಕ್ಕಳೆಲ್ಲ ಟುರ್ರ್ ಎನ್ನುತ್ತಿದ್ದರಂತೆ. ಅತ್ತೆ ಹೆಣೆದು ಕೊಟ್ಟ ಸ್ವೆಟರನ್ನು ಬೀದಿಯ ತಿರುವು ದಾಟಿದ ಕೂಡಲೇ ಬಿಚ್ಚಿ ಬ್ಯಾಗಿಗೆ ತುರುಕುತ್ತಿದ್ದಳಂತೆ. “ಭಾವ, ಅಮ್ಮನಿಗೆ ಆ ಉಣ್ಣೆ ಅಂದರೆ ಊರಿನ ವಾಸನೆ. ನನಗೆ ಅದೇ ವಾಸನೆಯಿಂದ ಗೆಳತಿಯರು ಉಳಿಯಲಿಲ್ಲ” ಅಂದಳು. ಎರಡೂ ನಿಜವೇ.

ಆ ಮಗಳ ಮದುವೆ ಗೊತ್ತಾಯಿತು. ಹುಡುಗ ಅಲ್ಲಿಯವನೇ, ಮದುವೆಯೂ ಅಲ್ಲೇ. ಆಗ ಮಾವ ತೀರಿಕೊಂಡು ಕೆಲವು ವರ್ಷವಾಗಿತ್ತು. ಅತ್ತೆ ಒಬ್ಬಳೇ ವಿಮಾನ ಹತ್ತಿ ಬಂದಳು, ಕಂಬಳಿ ಒಯ್ಯಲು. ನಮ್ಮ ಮನೆತನದಲ್ಲಿ ಹೆಣ್ಣುಮಗಳ ಮದುವೆಗೆ ತಾಯಿಯ ತವರಿನಿಂದ ಕರಿಕಂಬಳಿ ಹೋಗಬೇಕು. ಗಂಡುಹೆಣ್ಣು ಅದರ ಮೇಲೆ ಕೂರಬೇಕು.

ಬಂದ ಸಂಜೆಯೇ ಕೇಳಿದಳು. “ನಿನ್ ಮಗಳ ಮದ್ವೇಲಿ ಕಂಬಳಿ ಹಾಸ್ಲಿಲ್ವಂತೆ. ಸೋಪಾದ ಮ್ಯಾಲೆ ಕುಂದ್ರಿಸಿದ್ರಂತೆ. ನಮ್ ಹುಡುಗಿ ಫೋನಿನಾಗೆ ಫೋಟೋ ತೋರ್ಸಿ, ಅವ್ರೇ ಬಿಟ್ಟಿರಾದು ನಂಗ್ಯಾಕೆ ಅಂತಾಳೆ. ಹೌದೇನೋ?”

“ಹೌದತ್ತೆ. ಹೊಳಲ್ಕೆರೆ ಛತ್ರದಾಗೆ ಸೋಫಾ ಅವ್ರೇ ಹಾಕಿದ್ರು. ಬೀಗರೂ ಹಂಗೇ ಇರ್ಲಿ ಅಂದ್ರು.”

“ಕಂಬಳಿ ನೇಯೋನ ಮನ್ಯಾಗೆ.”

“ಹೂಂ.”

ಸೆರಗಿನ ಅಂಚು ಹಿಡಿದು ಹೊಸೆಯತೊಡಗಿದಳು. ಆಮೇಲೆ, “ಆಗ್ಲಿ. ನಂಗೆ ಮಾತ್ರ ಮೊದ್ಲಿನಂಗೇ ನೇಯ್ದು ಕೊಡು” ಅಂದಳು.

ನೇಯ್ದೆ. ಎಳೆಕುರಿಯ ಕರಿ ಉಣ್ಣೆಯನ್ನೇ ಆರಿಸಿ ತಂದೆ. ಹುಣಸೆಬೀಜದ ಗಂಜಿಯನ್ನು ನಾನೇ ಕಾಯಿಸಿ ಮಗ್ಗದ ಹಾಸುನೂಲಿಗೆ ಹಚ್ಚಿದೆ. ನನ್ನ ಕೈಯಿಂದ ಅಷ್ಟು ಒಳ್ಳೆಯ ಕಂಬಳಿ ಅದಕ್ಕೆ ಮುಂಚೆಯೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಅತ್ತೆ ಅದರ ಮೇಲೆ ಕೈಯಾಡಿಸಿದಳೇ ಹೊರತು ಚೆನ್ನಾಗಿದೆ ಎನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಚೆನ್ನಾಗಿದೆ ಎಂದೇ ಅರ್ಥ.

ತವರಿನ ಕಂಬಳಿಯನ್ನು ಬರಿದಾಗಿ ಕಳಿಸುವುದಿಲ್ಲ. ಒಂದು ಮೂಲೆಯಲ್ಲಿ ಹಿಡಿ ಅಕ್ಕಿ, ಅರಿಶಿನದ ಕೊಂಬು, ಅಡಿಕೆ ಇಟ್ಟು ಗಂಟು ಹಾಕಬೇಕು. ಅದನ್ನು ಬಿಚ್ಚಬೇಕಾದವಳು ಮದುವಣಗಿತ್ತಿ, ಅದೂ ಗಂಡನ ಮನೆ ಸೇರಿದ ಮೇಲೆ. ದಾರಿಯಲ್ಲಿ ಯಾರೂ ಬಿಚ್ಚಕೂಡದು. ಮಾವ ಇಲ್ಲದ್ದರಿಂದ ಅತ್ತೆ ತಾನು ಮುಟ್ಟದೆ ನನ್ನ ಹೆಂಡತಿಯ ಕೈಲಿ ಗಂಟು ಹಾಕಿಸಿದಳು. ಬಿಗಿಯಾಗಿರಲಿ ಎಂದು ಸುತ್ತ ದಾರದಿಂದ ಹೊಲಿಸಿದಳು.

ಮುಂದೆ ಆದದ್ದನ್ನು ಅವಳೇ ಫೋನಿನಲ್ಲಿ ಹೇಳಿದಳು. ವಿಮಾನ ಇಳಿದಲ್ಲಿ ಅಧಿಕಾರಿಗಳು, ತಿನ್ನುವ ಪದಾರ್ಥ, ಕಾಳು, ಬೀಜ ಏನಾದರೂ ಇದೆಯಾ ಎಂದು ಕೇಳಿದ್ದಾರೆ. ಹೊರದೇಶದ ಕಾಳುಕಡ್ಡಿ ಒಳಗೆ ಹೋದರೆ ಅಲ್ಲಿನ ಬೆಳೆಗೆ ರೋಗ ಬರುತ್ತದೆ ಎಂದು ಅಲ್ಲಿ ಬಲು ಬಿಗಿ. ಅತ್ತೆ ಇಲ್ಲ ಎಂದಿದ್ದಾಳೆ. ಸುಳ್ಳು ಹೇಳುವ ಹೆಂಗಸಲ್ಲ ಅವಳು. ಅವಳ ಲೆಕ್ಕದಲ್ಲಿ ಅದು ಅಕ್ಕಿಯೂ ಅಲ್ಲ, ಅಡಿಕೆಯೂ ಅಲ್ಲ, ತವರಿನ ಗಂಟು. ಅಷ್ಟರಲ್ಲಿ ಅವರ ವಾಸನೆ ಹಿಡಿಯುವ ನಾಯಿ ಬಂದು, ಒಳಗೆ ಏನೋ ಇದೆ ಎನ್ನುವ ಹಾಗೆ ಬ್ಯಾಗಿನ ಪಕ್ಕದಲ್ಲಿ ಕುಳಿತುಬಿಟ್ಟಿತು.

ಅವರೇನೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲವಂತೆ. ಕೂರಲು ಕುರ್ಚಿ ಕೊಟ್ಟರಂತೆ. ಮೂಲೆಯನ್ನು ಕತ್ತರಿಸಿ ಗಂಟನ್ನು ನಮಗೆ ಕೊಡಿ, ಕಂಬಳಿಗೆ ಔಷಧಿ ಹೊಡೆದು ವಾಪಸ್ಸು ಕೊಡುತ್ತೇವೆ ಅಂದರಂತೆ. ಅತ್ತೆ ಆಗುವುದಿಲ್ಲ ಅಂದಳು. ಹೊರಗೆ ಕಾಯುತ್ತಿದ್ದ ಮಗಳಿಗೆ ಫೋನು ಮಾಡಿ ಕೊಟ್ಟರು. ಮಗಳು, “ಕತ್ತರಿಸಲಿ ಬಿಡಮ್ಮ, ಎಷ್ಟು ಹೊತ್ತಿಂದ ನಿಂತಿದ್ದೀನಿ” ಅಂದಳು. ಅತ್ತೆ ಅದಕ್ಕೂ ಒಪ್ಪಲಿಲ್ಲ. ಕೊನೆಗೆ ಇಡೀ ಕಂಬಳಿಯನ್ನೇ ಅವರ ಮೇಜಿನ ಮೇಲೆ ಬಿಟ್ಟು ಹೊರಗೆ ಬಂದಳು.

“ಯಾಕತ್ತೆ? ಮೂಲೆ ಹೋದ್ರೆ ಹೋಗ್ತಿತ್ತು, ಕಂಬಳಿ ಉಳೀತಿತ್ತಲ್ಲ” ಅಂದೆ. ನೇಯ್ದವನು ನಾನು.

“ಗಂಟು ಬಿಚ್ಚಿದ ಮ್ಯಾಲೆ ಅದು ತವರಿಂದು ಹೆಂಗಾಗ್ತೈತೋ? ಅಂಗಡಿ ಕಂಬಳಿ ಆಗ್ತೈತೆ. ಅದನ್ನ ಹಾಸಾದ್ಕಿಂತ ಹಾಸ್ದೆ ಇರಾದು ವಾಸಿ.”

ಮದುವೆ ಆಯಿತು. ಮುಂದಿನ ಭಾನುವಾರ, “ಆತು ಕಣಪ್ಪ. ಚೆನ್ನಾಗಾತು” ಎಂದಷ್ಟೇ ಹೇಳಿದಳು. ಕಂಬಳಿಯ ಮಾತನ್ನು ಮತ್ತೆ ಎತ್ತಲಿಲ್ಲ. ಮಗಳು ಮಾತ್ರ ಒಮ್ಮೆ ನನ್ನ ಹತ್ತಿರ ಎತ್ತಿದಳು. “ಎರಡು ನಿಮಿಷದ ಕೆಲಸ ಭಾವ. ಕತ್ತರಿ ತಗೊಂಡು ಕತ್ತರಿಸಿದ್ದರೆ ನಾನು ಆ ಕಂಬಳಿ ಮೇಲೆ ಕೂರುತ್ತಿದ್ದೆ. ಬೇಡ ಅಂತ ಬಾಯಲ್ಲಿ ಅಂದಿದ್ದೆ, ಆದರೂ ಕೂರುತ್ತಿದ್ದೆ. ನಾನು ಹೊರಗೆ ನಿಂತಿದ್ದೆ. ಅಮ್ಮನಿಗೆ ನನಗಿಂತ ಆ ಗಂಟೇ ಹೆಚ್ಚಾಯಿತು.”

ಅಲ್ಲಿಂದ ಮುಂದೆ ತಾಯಿ ಮಗಳ ನಡುವೆ ಮಾತು ಎಷ್ಟು ಬೇಕೋ ಅಷ್ಟೇ. ಎರಡು ಬೀದಿಗಳಾಚೆ ಮಗಳ ಮನೆ, ಎರಡು ಮಕ್ಕಳಾದವು. ಅತ್ತೆ ಹೋಗಿ ಅಡುಗೆ ಮಾಡಿಟ್ಟು ಬರುತ್ತಿದ್ದಳು. ಎಷ್ಟೋ ಕಾಲದ ಮೇಲೆ ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದಾಗ, ತೋರಿಸಲೇಬೇಕೆಂದು ಹಟ ಹಿಡಿದಳು. ಹಿರಿಯೂರು ದಾಟಿ ಹೋಗಿ, ಜನರ ನಡುವೆ ನುಗ್ಗಿ, ಫೋನು ಎತ್ತಿ ಹಿಡಿದು ನೀರು ತೋರಿಸಿದೆ. ಆ ಕಡೆ ಅತ್ತೆ ಎರಡೂ ಕೈ ಜೋಡಿಸಿ ನಿಂತಿದ್ದಳು. ಮಗಳನ್ನು ಕೂಗಿದಳು. ಮಗಳು ಹಿಂದಿನಿಂದ ಬಗ್ಗಿ ನೋಡಿ, “ಡ್ಯಾಮ್ ಅಲ್ವಾ ಅಮ್ಮ, ಚೆನ್ನಾಗಿದೆ” ಎಂದು ಹೇಳಿ ಹೊರಟುಹೋದಳು. ಅತ್ತೆ ನನಗೆ, “ನೀನು ತೋರ್ಸು” ಅಂದಳು.

ಅದಾದ ಸ್ವಲ್ಪ ದಿನಕ್ಕೆ ಅವಳ ನೆನಪು ಹೋಗಲು ಶುರುವಾಯಿತು. ಮೊದಲು ಹೋದದ್ದು ಇಂಗ್ಲಿಷು. ಅಷ್ಟು ವರ್ಷ ಅಂಗಡಿ, ಆಸ್ಪತ್ರೆ, ಬಸ್ಸು ಎಲ್ಲ ಕಡೆ ಮಾತಾಡಿದ ಭಾಷೆ ಒಂದೇ ಚಳಿಗಾಲದಲ್ಲಿ ಹೋಗಿಬಿಟ್ಟಿತು. ಉಳಿದದ್ದು ತಾಳ್ಯದ ಮಾತು ಮಾತ್ರ. ಮಗಳಿಗೋ ಬಿಡಿಸಿ ನಿಧಾನವಾಗಿ ಆಡುವ ಸಾದಾ ಕನ್ನಡ ಮಾತ್ರ ಗೊತ್ತು. ಹಲ್ಲಿಲ್ಲದ ಬಾಯಲ್ಲಿ ಗಡಿಬಿಡಿಯಾಗಿ ಬರುವ ನಮ್ಮ ಕಡೆಯ ಮಾತು ತಿಳಿಯುತ್ತಿರಲಿಲ್ಲ. ಒಂದು ಬೆಳಗ್ಗೆ ನನಗೆ ಫೋನು ಮಾಡಿದಳು. “ಭಾವ, ಅಮ್ಮ ಏನೋ ಕೇಳ್ತಿದ್ದಾರೆ. ನೀರಾ, ನೋವಾ, ಗೊತ್ತಾಗ್ತಿಲ್ಲ. ಸ್ವಲ್ಪ ಕೇಳಿ ಹೇಳಿ.”

ಅವತ್ತಿನಿಂದ ದಿನವೂ ಹೀಗೆಯೇ. ಮಗ್ಗದ ಪಕ್ಕದಲ್ಲಿ ಫೋನಿಟ್ಟುಕೊಂಡು ಅತ್ತೆ ಅಂದದ್ದನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ ಮಗಳಿಗೆ ಹೇಳುತ್ತಿದ್ದೆ. ಕಾಲು ಹಿಡಿದಿದೆಯಂತೆ. ಗಂಜಿಗೆ ಉಪ್ಪು ಸಾಲದಂತೆ. ಕುರಿ ದೊಡ್ಡಿಗೆ ಬಂದವಾ ಎಂದು ಕೇಳುತ್ತಿದ್ದಾಳೆ, ಬಂದವು ಅನ್ನು. ಮಗಳು ಅಂದದ್ದನ್ನು ಅತ್ತೆಗೆ ನಮ್ಮ ಮಾತಿನಲ್ಲಿ ತಿರುಗಿಸುತ್ತಿದ್ದೆ. ಹೆತ್ತ ತಾಯಿಗೂ ಮಗಳಿಗೂ ನಡುವೆ ನಾನು ಬೇಕಾದೆನಲ್ಲ ಎಂದು ಸಂಕಟವಾಗುತ್ತಿತ್ತು.

ಒಂದು ದಿನ ಅತ್ತೆ ತುಂಬ ಗಾಬರಿಯಲ್ಲಿದ್ದಳು. ಹಾಸಿಗೆಯಿಂದ ಏಳಲು ನೋಡುತ್ತಿದ್ದಾಳೆ, ಮಂಚದ ಕಂಬಿ ಹಿಡಿದು ಎಳೆಯುತ್ತಿದ್ದಾಳೆ ಎಂದು ಮಗಳು ಅಳುದನಿಯಲ್ಲಿ ಹೇಳಿದಳು. ಫೋನನ್ನು ತಾಯಿಯ ಬಾಯಿಯ ಹತ್ತಿರ ಹಿಡಿದಳು.

“ಸಾಮೀ, ಕತ್ತರ್ಸಿ ಹಾಕ್ರಿ” ಎನ್ನುತ್ತಿದ್ದಳು ಅತ್ತೆ. “ಗಂಟು ಹೋದ್ರೆ ಹೋಗ್ಲಿ, ಕಂಬ್ಳೀನೂ ಇಟ್ಕಳ್ರಿ. ನನ್ ಬಿಟ್ಟುಬಿಡ್ರಿ ಸಾಕು. ಮಗಳು ಹೊರಗೆ ನಿಂತವಳೆ. ಆಗ್ಲಿಂದ ನಿಂತವಳೆ.”

ನಾನು ಲಾಳಿ ಕೆಳಗಿಟ್ಟು ಫೋನನ್ನು ಕಿವಿಗೆ ಹಿಡಿದೆ.

“ಏನಂತಿದ್ದಾರೆ ಭಾವ? ನೋವಾ?”

ನಾನು ಹೇಳಿದೆ. ಒಂದು ಮಾತೂ ಬಿಡದೆ, ಅವಳಿಗೆ ತಿಳಿಯುವ ಹಾಗೆ ಹೇಳಿದೆ. ನಿಮ್ಮಮ್ಮ ಈಗ ಆ ಏರ್‌ಪೋರ್ಟಿನಲ್ಲಿದ್ದಾಳವ್ವ, ಗಂಟು ಕತ್ತರಿಸಿ ಅನ್ನುತ್ತಿದ್ದಾಳೆ, ನೀನು ಹೊರಗೆ ಕಾಯುತ್ತಿದ್ದೀಯಂತೆ ಅಂದೆ.

ಆ ಕಡೆ ಮಂಚದ ಪಕ್ಕಕ್ಕೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಮಗಳು ತನಗೆ ಬರುವ ಕನ್ನಡದಲ್ಲೇ ಮಾತಾಡಿದ್ದು ಕೇಳಿಸಿತು. “ಅಮ್ಮ, ಬಿಟ್ಟರು. ನಾನು ಒಳಗೆ ಬಂದೆ. ಬಾ, ಮನೆಗೆ ಹೋಗೋಣ.”

“ಯಾವ ಮನಿಗವ್ವ?”

ಮಗಳಿಗೆ ಅದು ತಿಳಿಯಿತು. ತಿಳಿದದ್ದರಿಂದಲೇ ನನ್ನನ್ನು ಕೇಳಿದಳು. “ಯಾವ ಮನೆ ಅನ್ನಲಿ ಭಾವ? ತಾಳ್ಯ ಅನ್ನಲಾ? ಅದೇ ಅಲ್ವಾ ಅವರಿಗೆ ಬೇಕಿರೋದು?”

ನಾನು ಕುಳಿತಿದ್ದದ್ದು ಆ ಮನೆಯಲ್ಲೇ. ಅತ್ತೆ ಹುಟ್ಟಿದ ಕೋಣೆ ನನ್ನ ಬೆನ್ನ ಹಿಂದೆಯೇ ಇತ್ತು. ಅಷ್ಟು ಭಾನುವಾರಗಳು ಮಗ್ಗದ ಸದ್ದು ಕೇಳಿದವಳಿಗೆ ಬೇರೆ ಯಾವ ಮನೆಯ ಹೆಸರು ಬೇಕು? ತಾಳ್ಯ ಅನ್ನು ಎಂದು ಬಾಯಿಗೆ ಬಂದಿತ್ತು. ಆದರೆ ಅತ್ತೆ ಅಷ್ಟು ಹೊತ್ತು ಬೇಡಿಕೊಂಡದ್ದು ಮಗಳ ಹತ್ತಿರ ಹೋಗಲು.

“ಬ್ಯಾಡವ್ವ” ಅಂದೆ. “ನಿನ್ ಮನೆ ಅನ್ನು.”

“ನನ್ನ ಮನೆಗೆ, ಅಮ್ಮ” ಅಂದಳು ಮಗಳು.

“ಹಂಗಾರೆ ನಡಿ, ಹೋಗಾಣ” ಅಂದಳು ಅತ್ತೆ. “ಮಕ್ಳು ಹಸ್ಕಂಡಿರ್ತಾವೆ.”

ಕಂಬಿ ಬಿಟ್ಟು ಮಲಗಿದಳಂತೆ. ಅದಾದ ಮೇಲೆ ಅತ್ತೆ ಹೆಚ್ಚು ದಿನ ಇರಲಿಲ್ಲ. ಅಲ್ಲೇ ಮಾವನ ಪಕ್ಕದಲ್ಲಿ ಮಣ್ಣು ಮಾಡಿದರು. ನಾನು ಹೋಗಲಾಗಲಿಲ್ಲ; ಫೋನಿನಲ್ಲೇ ನೋಡಿದೆ.

ತಾಳ್ಯ ಎಂದು ಹೇಳಿಸಬಹುದಿತ್ತು. ಅವಳು ನಮ್ಮವಳು, ಕೊನೆಯ ದಾರಿ ಇಲ್ಲಿಗೇ ಎಂದು ನಾನು ಅಷ್ಟು ವರ್ಷ ನಂಬಿಕೊಂಡಿದ್ದವನು. ಮಗಳ ಮನೆ ಎಂದ ಕೂಡಲೇ ಅಷ್ಟು ಸಲೀಸಾಗಿ ಹೊರಟುಬಿಟ್ಟಳಲ್ಲ, ಅದು ನನಗೆ ಇವತ್ತಿಗೂ ನೋಯುತ್ತದೆ. ನಿನ್ ಮನೆ ಅನ್ನು ಎಂದದ್ದಕ್ಕೆ ಮಾತ್ರ ನೋವಿಲ್ಲ.