ದೋಣಿಯಜ್ಜಿಯನ್ನು ಬದುಕಿಸಿಕೊಂಡ ಆರು ತಿಂಗಳು

ಗಂಟು ಕೈಗೆ ಸಿಕ್ಕಿದ್ದು ಲೋಕಲ್ ರೈಲಿನಲ್ಲಿ, ಮುಂಬ್ರಾ ದಾಟಿ ಕಳವಾ ಬರುವ ಮೊದಲು. ಡೊಂಬಿವಲಿಯಿಂದ ಥಾಣೆಯವರೆಗೆ ದಿನವೂ ನಿಂತೇ ಹೋಗುವವಳು ನಾನು. ಬ್ಯಾಗಿನ ಪಟ್ಟಿ ಭುಜದಿಂದ ಜಾರಿತು. ಸರಿಮಾಡಲು ಕೈ ಹಾಕಿದೆ. ಎಡಗಡೆ, ಕೊರಳೆಲುಬಿನ ಮೇಲೆ, ಹುಣಸೆಬೀಜದಷ್ಟು ಏನೋ ಇತ್ತು. ನೋವಿಲ್ಲ. ಥಾಣೆಯಲ್ಲಿ ಇಳಿದು ಐರೋಲಿಯ ಗಾಡಿ ಹಿಡಿದೆ, ಆಫೀಸಿನಲ್ಲಿ ಸಂಜೆಯವರೆಗೆ ಫೈಲು ನೋಡಿದೆ, ಮನೆಗೆ ಬಂದು ಅನ್ನಕ್ಕಿಟ್ಟೆ. ಹೆರಿಗೆ ಬಿಟ್ಟರೆ ಆಸ್ಪತ್ರೆಯ ಮಂಚ ಕಂಡವಳಲ್ಲ ನಾನು. ನಲವತ್ತೆಂಟು ವರ್ಷದ ಆ ಜಂಬ ಸುಲಭಕ್ಕೆ ಬಿಡುವುದಿಲ್ಲ.

ಒಂದು ತಿಂಗಳು ಸುಮ್ಮನಿದ್ದೆ. ಮೈ ತುರಿಕೆ ಶುರುವಾಯಿತು. ಸಂಜೆ ಸಣ್ಣ ಜ್ವರ. ಪ್ಲಾಟ್‌ಫಾರ್ಮಿನ ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ನಿಲ್ಲಬೇಕಾಗುತ್ತಿತ್ತು. ಆಮೇಲೆ ಡಾಕ್ಟರು, ಬಯಾಪ್ಸಿ, ರೋಗವಿದ್ದ ಕಡೆ ಹೊಳೆದು ತೋರಿಸುವ ಪೆಟ್ ಸ್ಕ್ಯಾನ್.

ಹಾಡ್ಜ್‌ಕಿನ್ಸ್ ಲಿಂಫೋಮಾ.

"ಕ್ಯಾನ್ಸರ್ ಹೈ, ಲೇಕಿನ್ ಠೀಕ್ ಹೋನೇವಾಲಾ ಹೈ," ಎಂದರು ಡಾಕ್ಟರಮ್ಮ, ಗುಣವಾಗುವ ಕ್ಯಾನ್ಸರೇ ಎಂದು. ಹದಿನೈದು ದಿನಕ್ಕೊಂದರಂತೆ ಹನ್ನೆರಡು ಕೀಮೋ, ಆರು ತಿಂಗಳು. ನನ್ನ ಗಂಡ ರಾಘು ಮೂವತ್ತು ವರ್ಷದಿಂದ ನೌಪಾಡಾದಲ್ಲಿ ಅಣ್ಣನ ಜೊತೆ ವೆಜ್ ಹೋಟೆಲು ನಡೆಸುವವರು. ಅವರ ಬಾಯಿಂದ ಬಂದದ್ದು ಒಂದೇ ಪ್ರಶ್ನೆ. "ಡಾಕ್ಟರ್, ಖಾನೇ ಮೇ ಕ್ಯಾ ದೇನೇ ಕಾ?" ಊಟಕ್ಕೆ ಏನು ಕೊಡಬೇಕು ಎಂದು. ಪಾಪ, ಅವರಿಗೆ ಗೊತ್ತಿರುವ ಮದ್ದು ಅದೊಂದೇ. ನನಗೆ ಆಗ ಅವರ ಮೇಲೆ ಸಿಟ್ಟು ಬಂದಿತ್ತು. ಈಗ ನೆನೆದರೆ ಕಣ್ಣು ತುಂಬುತ್ತದೆ.

ವಾಪಸು ಬರುವಾಗ ರಿಕ್ಷಾದಲ್ಲಿ ಅವರು ಹೇಳಿದರು. "ಅಮ್ಮನಿಗೆ ಹೇಳುವುದು ಬೇಡ. ಬೈಪಾಸ್ ಆದ ಹಾರ್ಟು, ತಡೀಲಿಕ್ಕಿಲ್ಲ."

"ಮತ್ತೆ ಎಂತ ಹೇಳುವುದು?"

"ಗಂಟಿನ ಟಿ.ಬಿ. ಅಂತ ಹೇಳುವ. ಅದಕ್ಕೂ ಆರು ತಿಂಗಳ ಮದ್ದೇ ಅಲ್ವಾ?"

ಹೀಗೆ ನಮ್ಮ ಮನೆಯಲ್ಲಿ ಇಲ್ಲದ ಟಿ.ಬಿ. ಬಂತು. ಅತ್ತೆಗೆ ಎಪ್ಪತ್ತೊಂಬತ್ತು ವರ್ಷ. ಉಡುಪಿಯಿಂದ ಬಂದು ನಲವತ್ತೈದು ವರ್ಷವಾದರೂ ಮಾತು ತುಳುವೇ. (ನಾವು ಆಡಿದ್ದನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.) ಮಗ ಸುಳ್ಳು ಹೇಳಿ ಮುಗಿಸುವವರೆಗೆ ಅವರು ಕೊತ್ತಂಬರಿ ಸೊಪ್ಪು ಬಿಡಿಸುತ್ತಲೇ ಇದ್ದರು. "ಹೌದಾ," ಎಂದರು. ಅಷ್ಟೇ. ಯಾರಿಗಾದರೂ ನೆಗಡಿಯಾದರೂ ಅವರ ಲೋಟವನ್ನು ಬೇರೆ ಇಡುವವರು ನನ್ನ ಲೋಟವನ್ನು ಬೇರೆ ಇಡಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನಾನು ಕುಡಿದು ಬಿಟ್ಟ ನೀರಿನಲ್ಲೇ ತಮ್ಮ ಬಿ.ಪಿ. ಮಾತ್ರೆ ನುಂಗುತ್ತಿದ್ದರು. ವಯಸ್ಸಾಯಿತು, ಮರೆವು ಎಂದುಕೊಂಡೆ.

ಕೀಮೋ ಏನು ಮಾಡುತ್ತದೆ ಎಂದು ತುಂಬ ಜನ ಬರೆದಿದ್ದಾರೆ. ನನಗೆ ಮಾಡಿದ್ದು ಇಷ್ಟು. ಕೆಂಪು ಮದ್ದು ಹೋದ ದಿನ ಮೂತ್ರ ಕೆಂಪಗೆ. ಕೊನೆಯ ಬಾಟಲಿ ಹೋಗುವಾಗ ಕೈನರ ಉರಿ. ಮೂರು ದಿನ ಒಗ್ಗರಣೆಯ ವಾಸನೆ ಬಂದರೆ ಬಚ್ಚಲಿಗೆ ಓಟ. ಮೂರನೆಯ ಕೀಮೋ ಹೊತ್ತಿಗೆ ಬಾಚಣಿಗೆ ಬೇಡವಾಯಿತು. "ಟಿ.ಬಿ. ಮಾತ್ರೆ ಭಾರಿ ಹೀಟು ಅತ್ತೆ," ಎಂದೆ. ಅತ್ತೆ ತಮ್ಮ ಹಳೆಯ ವಾಯಿಲ್ ಸೀರೆ ಹರಿದು ತಲೆಗೆ ಕಟ್ಟಲು ನಾಲ್ಕು ತುಂಡು ಮಾಡಿಕೊಟ್ಟರು.

ಕಾಯಿಲೆ ಬಂತೆಂದರೆ ಜನ ಪುಸ್ತಕ ಕೊಡುತ್ತಾರೆ. ಹೋರಾಡಿ, ಗೆಲ್ಲಿ, ನಗುತ್ತಿರಿ ಎನ್ನುವ ಪುಸ್ತಕಗಳು. ನಾನು ರೈಲಿನಲ್ಲಿ ಓದಿಯೇ ಬೆಳೆದವಳು, ಆದರೆ ಅವುಗಳಲ್ಲಿ ಒಂದರ ಹತ್ತು ಪುಟವೂ ದಾಟಲಿಲ್ಲ. ಹೋರಾಡುತ್ತಿದ್ದದ್ದು ಮದ್ದು. ನಾನು ಬರೀ ಮಲಗಿದ್ದೆ.

ಒಂದು ದಿನ ಉಲ್ಲನ್ ಟೊಪ್ಪಿ ಹುಡುಕಲು ಮಗ ಪ್ರಣವನ ಕಪಾಟು ತೆಗೆದೆ. ಅವನಿಗೆ ಇಪ್ಪತ್ತು ವರ್ಷ, ಇಂಜಿನಿಯರಿಂಗು ಓದುತ್ತಿದ್ದಾನೆ. ಕಾಯಿಲೆ ಗೊತ್ತಾದ ದಿನದಿಂದ ನನ್ನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿರಲಿಲ್ಲ. ಟೊಪ್ಪಿ ಸಿಗಲಿಲ್ಲ. ಅವನು ಎಂಟನೇ ಕ್ಲಾಸಿನಲ್ಲಿ ಓದುತ್ತಿದ್ದ ಒಂದು ಇಂಗ್ಲಿಷ್ ಕಥಾಸರಣಿಯ ಮೊದಲ ಎರಡು ಪುಸ್ತಕ ಸಿಕ್ಕಿದವು. ಮಕ್ಕಳಿಗಾಗಿಯೇ ಬರೆದ ಮಾಯಾಲೋಕದ ಕಥೆ, ಒಟ್ಟು ಏಳು ಭಾಗ. ಹತ್ತನೇ ಕ್ಲಾಸು ಬಂದಾಗ ಇದನ್ನೆಲ್ಲ ಓದಿ ಹಾಳಾಗುತ್ತೀಯ ಎಂದು ನಿಲ್ಲಿಸಿದವಳು ನಾನೇ. ಆರು ಭಾಗ ಓದಿದ್ದ. ಏಳನೆಯದು ಉಳಿದೇ ಹೋಯಿತು.

ಮೊದಲ ಪುಟದಲ್ಲಿ ಒಂದು ನಕಾಶೆ ಇತ್ತು. ಒಂದು ದೇಶದ ನದಿಯನ್ನು ಯಾರೋ ಕದ್ದಿದ್ದಾರೆ. ನೆಲದಡಿಯ ನೀರಿನ ಸದ್ದು ಕೇಳಿಸುವ ಹದಿನಾಲ್ಕರ ಹುಡುಗಿಯೊಬ್ಬಳು ಅದನ್ನು ಹುಡುಕಿ ಹೊರಡುತ್ತಾಳೆ. ಜೊತೆಗೆ ಒಬ್ಬ ಮುದುಕಿ, ನದಿ ಹೋದ ಮೇಲೂ ದೋಣಿ ಮಾರದೆ ಇಟ್ಟುಕೊಂಡವಳು, ಬಾಯಿ ಜೋರು. ಸಂಜೆಯೊಳಗೆ ಎಂಬತ್ತು ಪುಟ ಓದಿದ್ದೆ. ಹದಿಮೂರರ ಮಕ್ಕಳಿಗೆ ಬರೆದದ್ದರಲ್ಲಿ ಈ ವಯಸ್ಸಿನವಳಿಗೆ ಏನಿತ್ತು ಎಂದು ಆಮೇಲೆ ತುಂಬ ಯೋಚಿಸಿದ್ದೇನೆ. ದೊಡ್ಡವರ ಪುಸ್ತಕಗಳು ಹೆದರಿಕೆಯನ್ನು ಸುತ್ತಿ ಬಳಸಿ ಹೇಳುತ್ತವೆ, ಇಲ್ಲಿ ಹುಡುಗಿ ನೇರವಾಗಿ ನನಗೆ ಸಾಯಲು ಹೆದರಿಕೆ ಎನ್ನುತ್ತಾಳೆ, ಆಮೇಲೆ ರೊಟ್ಟಿ ತಿಂದು ಮುಂದೆ ನಡೆಯುತ್ತಾಳೆ. ನನ್ನ ಮನೆಯಲ್ಲಿ ಆ ಮಾತು ಆಡುವ ಹಾಗಿರಲಿಲ್ಲ.

"ಮಮ್ಮಿ, ಯೇ ತೋ ಬಚ್ಚೋಂ ಕಾ ಹೈ," ಎಂದ ಪ್ರಣವ, ಇದು ಮಕ್ಕಳದ್ದು ಎಂದು. ಆದರೆ ಪಕ್ಕದಲ್ಲಿ ಕೂತ. ಎಷ್ಟನೇ ಪುಟ ಎಂದು ಕೇಳಿದ. ಎಷ್ಟೋ ವಾರಗಳ ಮೇಲೆ ನಾವಿಬ್ಬರು ಮಾತಾಡಿದ್ದು ಅವತ್ತು.

ಮೂರನೆಯ ಭಾಗಕ್ಕೆ ಸ್ಟೇಷನ್ ಹತ್ತಿರದ ಬಾಡಿಗೆ ಲೈಬ್ರರಿಗೆ ಹೋದೆ, ಮಾಸ್ಕು ಹಾಕಿ, ತಲೆಗೆ ಅತ್ತೆಯ ವಾಯಿಲ್ ಕಟ್ಟಿ. ಅದು ಮಕ್ಕಳ ಕಪಾಟಿನಲ್ಲಿತ್ತು, ಮೊಣಕಾಲೂರಿ ತೆಗೆಯಬೇಕಾಯಿತು. ಲೈಬ್ರರಿಯ ಕಾಕಾ ಕೇಳಿದರು. "ಮುಲಾಸಾಠೀ ಕಾ, ತಾಈ?" ಮಗನಿಗಾ ಎಂದು. ಹೋ, ಹೌದು ಎಂದುಬಿಟ್ಟೆ. ನಾಲ್ಕು ದಿನಕ್ಕೆ ವಾಪಸು ಕೊಟ್ಟಾಗ ಹುಡುಗ ಭಾರಿ ಬೇಗ ಓದುತ್ತಾನೆ ಎಂದು ಹೊಗಳಿದರು. ಸುಳ್ಳು ಒಂದು ಸಲ ಅಭ್ಯಾಸವಾದರೆ ಎಲ್ಲಿ ಹೋದರೂ ಅದೇ ಬಾಯಿಗೆ ಬರುತ್ತದೆ.

ಮಧ್ಯಾಹ್ನ ಮನೆಯಲ್ಲಿ ಇರುತ್ತಿದ್ದದ್ದು ನಾನು ಮತ್ತು ಅತ್ತೆ. "ಅದರಲ್ಲಿ ಎಂತ ಉಂಟು ಅಷ್ಟು? ನನಗೂ ಹೇಳು," ಎಂದರು. ಹೇಳಿದೆ. ಎಳೆ ಪ್ರಾಯದಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡಿದ ಜೀವ, ಕೇಳುವುದು ಗೊತ್ತಿತ್ತು. ಮುದುಕಿಗೆ ಅವರೇ ದೋಣಿಯಜ್ಜಿ ಎಂದು ಹೆಸರಿಟ್ಟರು. ಅವಳು ಬೈದಲ್ಲೆಲ್ಲ ಇವರು ತಲೆಯಾಡಿಸಿ ನಗುತ್ತಿದ್ದರು. ಒಮ್ಮೆ ಹುಡುಗಿ ಸೆರೆಸಿಕ್ಕ ಕಡೆ ನನಗೆ ಸುಸ್ತಾಗಿ ಪುಸ್ತಕ ಮುಚ್ಚಿದೆ. ಅತ್ತೆ ಗದರಿದರು. "ಕೆಟ್ಟ ಕಡೆ ನಿಲ್ಲಿಸ್ಲಿಕ್ಕಿಲ್ಲ ಮಾರಾಯ್ತಿ. ನಮ್ಮಲ್ಲಿ ಪುರಾಣ ಓದುವಾಗ ಸಾವು, ಸೆರೆ ಬಂದ್ರೆ ಅಲ್ಲಿಗೆ ಏಳುವ ಕ್ರಮ ಇಲ್ಲ. ಅವಳನ್ನು ಬಿಡಿಸಿ ಮಲಗು." ಮಲಗಿದ್ದಲ್ಲೇ ಇನ್ನೂ ಇಪ್ಪತ್ತು ಪುಟ ಓದಿ ಹುಡುಗಿಯನ್ನು ಬಿಡಿಸಿದೆ.

ನಾಲ್ಕು ಕೀಮೋ ಆದ ಮೇಲೆ ಇನ್ನೊಂದು ಪೆಟ್ ಸ್ಕ್ಯಾನ್. "ಕಡಿಮೆಯಾಗಿದೆ. ಪೂರ್ತಿ ಹೋಗಿಲ್ಲ. ಮುಂದುವರಿಸೋಣ," ಎಂದರು ಡಾಕ್ಟರಮ್ಮ. ಎಲ್ಲರದ್ದೂ ಇಷ್ಟರಲ್ಲಿ ಹೋಗಿರುತ್ತದಾ ಎಂದು ಕೇಳಿದೆ. ತುಂಬ ಜನರದ್ದು ಹೋಗಿರುತ್ತದೆ ಎಂದರು. ಅವರು ಸುಳ್ಳು ಹೇಳುವವರಲ್ಲ.

ಐದನೆಯ ಕೀಮೋ ದಿನ ನಾಲ್ಕನೆಯ ಭಾಗ ಜೊತೆಗಿತ್ತು. ಆಸ್ಪತ್ರೆಯ ಡೇ ಕೇರಿನ ಕುರ್ಚಿ, ಎಡಗೈಯಲ್ಲಿ ಸೂಜಿ, ಬಲಗೈಯಲ್ಲಿ ಪುಸ್ತಕ.

ದೋಣಿಯಜ್ಜಿ ಸತ್ತಳು.

ನಾನು ಬಿಕ್ಕಿ ಬಿಕ್ಕಿ ಅತ್ತೆ. ನರ್ಸು ಓಡಿ ಬಂದು ಡ್ರಿಪ್ ನಿಧಾನ ಮಾಡಿದಳು, ಕೈ ಉರಿಯುತ್ತಿದೆ ಎಂದುಕೊಂಡು. ಕಾಯಿಲೆ ಗೊತ್ತಾದ ದಿನ ಅತ್ತಿರಲಿಲ್ಲ, ಕೂದಲು ಹೋದಾಗಲೂ ಇಲ್ಲ. ಮಕ್ಕಳ ಪುಸ್ತಕದ ಒಬ್ಬ ಮುದುಕಿಗಾಗಿ ಅಷ್ಟು ಜನರ ಮಧ್ಯೆ ಅತ್ತುಬಿಟ್ಟೆ. ನನಗಾಗಿಯೇ ಅತ್ತದ್ದು ಎಂದು ಈಗ ಒಪ್ಪಿಕೊಳ್ಳಬಲ್ಲೆ.

ನಾಲ್ಕನೆಯ ದಿನ, ಕೂತು ಮಾತಾಡುವಷ್ಟು ಆದಾಗ, ಅತ್ತೆ ಕೇಳಿದರು. "ದೋಣಿಯಜ್ಜಿ ಎಲ್ಲಿ ಮುಟ್ಟಿದ್ಳು?"

ಬಾಯಿಗೆ ಆ ಶಬ್ದ ಬರಲಿಲ್ಲ. ಬೈಪಾಸ್ ಆದ ಹಾರ್ಟು ಎಂದು ಒಂದು ನೆಪ. ನಿಜವಾಗಿ, ಸತ್ತಳು ಎಂದು ನನ್ನ ಬಾಯಿಂದಲೇ ಹೇಳಿದರೆ ಏನೋ ಒಂದು ತೀರ್ಮಾನ ಆಗಿಬಿಡುತ್ತದೆ ಎಂಬ ಭಯ. "ಹುಡುಗಿಯನ್ನು ದಾಟಿಸಿ ಅವಳು ಬೇರೆ ದಾರಿಯಲ್ಲಿ ಹೋದ್ಳು ಅತ್ತೆ," ಎಂದೆ.

ಹೇಳಿದ್ದೇ ತಡ, ಅವಳನ್ನು ಸಾಕುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಐದನೆಯ ಮತ್ತು ಆರನೆಯ ಭಾಗದಲ್ಲಿ ಇಲ್ಲದ ಮುದುಕಿಯನ್ನು ನಾನು ಎಲ್ಲೆಲ್ಲಿಗೆ ಕಳಿಸಲಿಲ್ಲ! ಉಪ್ಪಿನ ವ್ಯಾಪಾರಿಗಳ ಜೊತೆ ಜಗಳ ಆಡಿಸಿದೆ. ಶತ್ರುಗಳ ಅಡುಗೆಮನೆಗೆ ಸೇರಿಸಿ ಸಾರಿಗೆ ಉಪ್ಪು ಜಾಸ್ತಿ ಹಾಕಿಸಿದೆ. ಅತ್ತೆ ಸಣ್ಣ ಸಣ್ಣ ಪ್ರಶ್ನೆ ಕೇಳುತ್ತಿದ್ದರು. ಅವಳು ಊಟ ಮಾಡಿದ್ಳಾ? ಕಾಲುನೋವು ಹೇಗುಂಟು? ಮಾರನೆಯ ದಿನದ ಉತ್ತರ ಹೊಂದಿಸುತ್ತ ನಾನು ಮಜ್ಜಿಗೆ ಅನ್ನದ ಬಟ್ಟಲು ಖಾಲಿ ಮಾಡಿರುತ್ತಿದ್ದೆ. ಕಾಲೇಜಿಗೆ ರಜೆಯಿದ್ದಾಗ ಒಳಕೋಣೆಯಲ್ಲಿ ಓದುತ್ತಿದ್ದ ಪ್ರಣವ ಒಂದೆರಡು ಸಲ ಹೊರಗೆ ಬಂದು ನನ್ನ ಮುಖ ನೋಡಿ ಹೋದ.

ಆರನೆಯ ಭಾಗ ತೆಗೆದುಕೊಳ್ಳಲು ಹೋದ ದಿನ ಮೆಟ್ಟಿಲು ಹತ್ತಿ ಏದುಸಿರು ಬಂದಿತ್ತು. ಲೈಬ್ರರಿಯ ಕಾಕಾ ಎಂದಿನಂತೆ ಮಗನನ್ನು ವಿಚಾರಿಸಿದರು. ಸುಳ್ಳಿಗೂ ಶಕ್ತಿ ಬೇಕು, ಅವತ್ತು ಇರಲಿಲ್ಲ. "ಮಾಝ್ಯಾಸಾಠೀ," ಎಂದೆ. ನನಗೇ ಎಂದು. ಅವರು ನನ್ನ ತಲೆಯ ಬಟ್ಟೆ ನೋಡಿದರು, ಕಾರ್ಡಿನಲ್ಲಿ ಬರೆದುಕೊಂಡರು. ಕೂರಲು ತಮ್ಮ ಸ್ಟೂಲು ಕೊಟ್ಟರು. ಏಳನೆಯದು ತಮ್ಮಲ್ಲಿಲ್ಲ ಎಂದು ಅವರೇ ಬೇಸರಪಟ್ಟರು.

ಅದನ್ನು ಪ್ರಣವ ಕೊಂಡು ತಂದ. ಅವನೂ ಓದಿರಲಿಲ್ಲವಲ್ಲ. ನಾನು ತೆರೆಯಲಿಲ್ಲ, ಫ್ರಿಜ್ಜಿನ ಮೇಲೆ ಇಟ್ಟೆ. ಕೊನೆಯ ಪೆಟ್ ಸ್ಕ್ಯಾನ್ ಆಗಲಿ, ಆಮೇಲೆ ಎಂದೆ. ಆಫೀಸಿನಲ್ಲಿ ಯಾರಾದರೂ ಹೀಗೆ ಹರಕೆಯ ಮಾತಾಡಿದರೆ ನಕ್ಕವಳು ನಾನು. ಹನ್ನೆರಡನೆಯ ಕೀಮೋ ಮುಗಿದು ಏಳು ವಾರ ಆ ಪುಸ್ತಕದ ಮೇಲೆ ಧೂಳು ಕೂತಿತು. ಹಾಲು ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು.

ಹೋದ ವಾರ ರಿಪೋರ್ಟು ಬಂತು. "ಎಲ್ಲೂ ಏನೂ ಹೊಳೆಯುತ್ತಿಲ್ಲ," ಎಂದರು ಡಾಕ್ಟರಮ್ಮ. ಮೂರು ತಿಂಗಳಿಗೊಮ್ಮೆ ಬರಬೇಕು, ಎರಡು ವರ್ಷ ಎಚ್ಚರಿಕೆ ಬೇಕು ಎಂದೂ ಹೇಳಿದರು. ರಾಘು ಮತ್ತೆ ಊಟದ ವಿಷಯ ಕೇಳಿದರು. ನಾನು ನಕ್ಕೆ, ಅವರು ಅತ್ತರು.

ಮನೆಗೆ ಬಂದಾಗ ಅತ್ತೆ ಊಟಕ್ಕೆ ಕಾದಿದ್ದರು. ಊಟವಾದ ಮೇಲೆ ಹೇಳಿದೆ. "ಅತ್ತೆ, ಟಿ.ಬಿ. ಪೂರ್ತಿ ಹೋಯ್ತಂತೆ."

"ಹೋಗ್ಲಿಕ್ಕೆ, ಅದು ಬಂದದ್ದು ಯಾವಾಗ?"

ಅತ್ತೆಯೇ ಮುಂದುವರಿಸಿದರು.

"ಟಿ.ಬಿ. ಇದ್ದದ್ದು ನನ್ನ ಅಪ್ಪನಿಗೆ. ನಾನದನ್ನು ಯಾರಿಗೂ ಹೇಳಿಲ್ಲ, ನನ್ನ ಮಗನಿಗೂ ಹೇಳಿಲ್ಲ. ಎರಡು ವರ್ಷ ಅವರ ಬಟ್ಟಲು ಬೇರೆ, ಲೋಟ ಬೇರೆ. ಬಾಗಿಲ ಹತ್ರ ಇಟ್ಟು ಬರ್ತಾ ಇದ್ದದ್ದು ನಾನು. ನಿನಗೆ ಅದೇ ಆಗಿದ್ರೆ ನಿನ್ನ ಲೋಟದ ನೀರು ಕುಡೀತಿದ್ನಾ?" ಆಮೇಲೆ ಮೆಲ್ಲ ಹೇಳಿದರು. "ಕೂದಲು ಹೋಗುವ ಮದ್ದು ಯಾವುದಕ್ಕೆ ಅಂತ ನನಗೆ ಗೊತ್ತುಂಟು."

ಎಷ್ಟೋ ಕಾಯಿಲೆಗಳ ಹೆಸರು ಇದ್ದವು. ಅವರು ಕಣ್ಣಾರೆ ಕಂಡು, ಬಾಯಿಬಿಡದೆ ಬಚ್ಚಿಟ್ಟುಕೊಂಡ ಒಂದನ್ನೇ ನಾವು ಆರಿಸಿ ಅವರಿಗೆ ಹೇಳಿದ್ದೆವು.

"ಮತ್ತೆ ಯಾಕೆ ಕೇಳ್ಲಿಲ್ಲ ಅತ್ತೆ?"

"ನೀವು ಅಷ್ಟು ಕಷ್ಟಪಟ್ಟು ಹೇಳ್ತಾ ಇದ್ರಿ. ದೋಣಿಯಜ್ಜಿದೂ ಹಾಗೇ. ಅವಳು ಸತ್ತದ್ದನ್ನು ಪ್ರಣವ ಆಗಲೇ ಹೇಳಿದ್ದ. ಅಮ್ಮನಿಗೆ ಹೇಳ್ಬೇಡ ಅಂತ ನಾನೇ ಆಣೆ ಹಾಕಿಸಿದ್ದು. ಅವಳ ಕತೆ ಕಟ್ಟುವ ದಿನ ನಿನಗೆ ನಾಲ್ಕು ತುತ್ತು ಜಾಸ್ತಿ ಸೇರ್ತಿತ್ತು. ಸತ್ತವಳು ಇದ್ರೆ ನನಗೇನು ನಷ್ಟ?"

ಅವರ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಆಗಷ್ಟೇ ಹುಟ್ಟುತ್ತಿದ್ದ ಕೂದಲ ಮೇಲೆ ಅವರು ಕೈಯಾಡಿಸಿದರು. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು. "ಈಗ ಸರಿಯಾಗಿ ಹೇಳು. ಅವಳು ಹೇಗೆ ಸತ್ತದ್ದು?"

ಪುಸ್ತಕ ಲೈಬ್ರರಿಗೆ ಹೋಗಿತ್ತು, ಆದರೆ ಆ ಪುಟಗಳಿಗೆ ನನಗೆ ಪುಸ್ತಕ ಬೇಡ. ಕದ್ದ ನದಿಯ ಮೊದಲ ಪ್ರವಾಹ ಬರುತ್ತದೆ. ದೋಣಿಯ ಹಗ್ಗ ಹಿಡಿದು ಒಬ್ಬರು ಈಚೆ ದಡದಲ್ಲೇ ನಿಲ್ಲಬೇಕು. ಮುದುಕಿ ನಿಲ್ಲುತ್ತಾಳೆ. ಹಿಂದಿನಿಂದ ಶತ್ರುಗಳು ಬರುವುದು ಅವಳಿಗೆ ಕೇಳಿಸುತ್ತದೆ. ಹುಡುಗಿಯ ಕಾಲು ಆಚೆಯ ಮಣ್ಣಿಗೆ ತಾಗುವವರೆಗೂ ಅವಳು ಹಗ್ಗ ಬಿಡುವುದಿಲ್ಲ. ಬೈಯುತ್ತಲೇ ಇರುತ್ತಾಳೆ. ಆಮೇಲೆ ಬೈಗುಳ ಕೇಳಿಸುವುದಿಲ್ಲ. ಒಂದು ಮಾತನ್ನೂ ಬದಲಿಸದೆ ಹೇಳಿದೆ. ಸತ್ತಳು ಎಂಬ ಶಬ್ದವನ್ನೂ ಹೇಳಿದೆ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ನಿಯಮ ನೆನಪಾಗಿ ನಾನು ಎದ್ದು ಫ್ರಿಜ್ಜಿನ ಮೇಲಿನ ಏಳನೆಯ ಭಾಗ ತೆಗೆದೆ, ಧೂಳು ಒರೆಸಿದೆ. ಅವರು ಕೈ ಅಡ್ಡ ಹಿಡಿದರು.

"ಬೇಡ. ಅದು ಪ್ರಣವ ಬಂದ ಮೇಲೆ. ಇವತ್ತಿಗೆ ಇಲ್ಲೇ ನಿಲ್ಲಿಸು."

"ಕೆಟ್ಟ ಕಡೆ ನಿಲ್ಲಿಸ್ಲಿಕ್ಕಿಲ್ಲ ಅಂತ ನೀವೇ ಹೇಳಿದ್ದಲ್ವಾ?"

"ಕೆಟ್ಟ ಕಡೆ ಎಲ್ಲಿ?" ಎಂದರು ಅತ್ತೆ. "ಹುಡುಗಿ ಆಚೆ ದಡ ಮುಟ್ಟಿತಲ್ಲ."

ನನ್ನ ಲೋಟ ತೆಗೆದುಕೊಂಡು, ಉಳಿದಿದ್ದ ನೀರಿನಲ್ಲಿ ತಮ್ಮ ಮಾತ್ರೆ ನುಂಗಿದರು.