ಐದು ವ್ಯಾಟಿನಲ್ಲಿ ಒಂದು ಮದುವೆ

ಧನಲಕ್ಷ್ಮಿ ಓದಿದ್ದು ಏಳನೇ ಕ್ಲಾಸು. ಅಬ್ಬಿಗೆರೆಗೆ ಸೊಸೆಯಾಗಿ ಬಂದಾಗ ಅವಳಿಗೆ ಕಂಪ್ಯೂಟರ್ ಆನ್ ಮಾಡುವುದೂ ಗೊತ್ತಿರಲಿಲ್ಲ. ಗಂಡ ಯೋಗಾನಂದ ಮದುವೆ ವಿಡಿಯೊ ತೆಗೆಯುತ್ತಿದ್ದ. ಹನ್ನೊಂದು ವರ್ಷ ಅವನು ಕ್ಯಾಮೆರಾ ಹಿಡಿದ, ಇವಳು ಲೈಟ್ ಹಿಡಿದಳು. ಮನೆಗೆ ಬಂದ ಮೇಲೆ ಅವನ ಪಕ್ಕ ಕೂತು ಮಿಕ್ಸಿಂಗ್ ಕಲಿತಳು. ಎಲ್ಲಿ ಕತ್ತರಿಸಬೇಕು, ಎಲ್ಲಿ ಹಾಡು ಹಾಕಬೇಕು, ಬೀಗರ ಮುಖ ಎಷ್ಟು ಹೊತ್ತು ತೋರಿಸಿದರೆ ಜಗಳ ಬರುವುದಿಲ್ಲ, ಎಲ್ಲ ಕಲಿತಳು. ಇಂಗ್ಲಿಷ್ ಬರದು. ಯಾವ ಬಟನ್ ಎಲ್ಲಿದೆ ಅಂತ ಕೈಗೆ ಗೊತ್ತು.

2017ರ ಮೇ ತಿಂಗಳಲ್ಲಿ ಯೋಗಾನಂದ ಎದೆನೋವು ಅಂದ. ಆಸ್ಪತ್ರೆ ಬಾಗಿಲು ಮುಟ್ಟುವ ಮೊದಲೇ ಹೋದ. ತಿಥಿ ಕಳೆದ ಮೂರನೇ ದಿನ ಪಾಲುದಾರ ಬಾಲರಾಜ್ ಬಂದು ದೊಡ್ಡ ಕಂಪ್ಯೂಟರನ್ನೂ ಕ್ಯಾಮೆರಾಗಳನ್ನೂ ಒಯ್ದ. ಎಲ್ಲ ಅವನ ಹೆಸರಿನಲ್ಲೇ ಇದ್ದವು, ತಡೆಯುವ ಹಾಗಿರಲಿಲ್ಲ. "ಅತ್ತಿಗೆ, ನೀವು ಆರಾಮಾಗಿರಿ. ಪಾರ್ಟಿಗಳನ್ನ ನಾನ್ ನೋಡ್ಕೊಂತೀನಿ" ಅಂದ. ಉಳಿದದ್ದು ಒಂದು ತೆಳ್ಳನೆಯ ಲ್ಯಾಪ್‌ಟಾಪ್, ಮತ್ತೆ ಯೋಗಾನಂದ ತೆಗೆದ ಕೊನೆಯ ಮದುವೆಯ ಮೆಮೊರಿ ಕಾರ್ಡುಗಳು.

ಆ ಮದುವೆ ಪಕ್ಕದೂರು ಸಿಂಗಾಪುರದ ಮುನಿಕೃಷ್ಣಮ್ಮನ ದೊಡ್ಡ ಮಗಳು ಸುಮಾಳದು. ಚಿಕ್ಕವಳ ಮದುವೆ ಕಾರ್ತಿಕದಲ್ಲಿ. ದೊಡ್ಡವಳದು ಚೆನ್ನಾಗಿ ಬಂದರೆ ಚಿಕ್ಕವಳದೂ ಧನಲಕ್ಷ್ಮಿಗೇ. ಮುನಿಕೃಷ್ಣಮ್ಮ ಒಪ್ಪಿದರೆ ಆ ಕಡೆ ಹತ್ತು ಮನೆ ಒಪ್ಪಿದ ಹಾಗೆ. ಕೆಟ್ಟರೆ ಕೆಲಸವೆಲ್ಲ ಬಾಲರಾಜನ ಪಾಲು, ಇವಳು ಅಣ್ಣನ ಮನೆಗೆ ಹೋಗಿ ಅತ್ತಿಗೆಯ ಮುಸುರೆ ತಿಕ್ಕಬೇಕು. ನಾನೇ ಮಾಡಿ ಕೊಡುತ್ತೇನೆ ಅಂತ ಹೇಳಿ ಬಂದಳು.

ಭೀಮನ ಅಮಾವಾಸ್ಯೆಗೆ ಬೇಕು ಅಂತ ಮುನಿಕೃಷ್ಣಮ್ಮ ಗಡುವು ಹಾಕಿದ್ದಳು. ಆಷಾಢಕ್ಕೆ ತವರಿಗೆ ಬಂದ ಸುಮಾ ಅವತ್ತು ಗಂಡನ ಪಾದಪೂಜೆ ಮಾಡುತ್ತಾಳೆ. ಅಳಿಯನ ಜೊತೆ ಬೀಗರೂ ಬರುತ್ತಾರೆ. ಊಟವಾದ ಮೇಲೆ ಎಲ್ಲರೂ ಟಿವಿ ಮುಂದೆ ಕೂತು ಮದುವೆ ನೋಡಬೇಕು.

ಲ್ಯಾಪ್‌ಟಾಪನ್ನು ಯೋಗಾನಂದ ಗಿರಾಕಿಗಳಿಗೆ ವಿಡಿಯೊ ತೋರಿಸಲು ತಂದಿದ್ದ. ಹಗುರ, ಫ್ಯಾನಿನ ಸದ್ದಿಲ್ಲ. ಅಂಗಡಿಯಲ್ಲಿ ಎರಡು ನಿಮಿಷ ಓಡಿಸಿ ನೋಡಿದಾಗ ಕುದುರೆ ಹಾಗೆ ಓಡಿತ್ತು. ಧನಲಕ್ಷ್ಮಿ ಅದರಲ್ಲೇ ಮೂರು ಗಂಟೆಯ ಮದುವೆ ಜೋಡಿಸಿದಳು. ಕೆಲಸ ಮಾಡಿದಷ್ಟು ದಿನವೂ ಸ್ಪೀಕರ್ ಮುಚ್ಚಿಟ್ಟಿದ್ದಳು. ಅವನ ದನಿ ಕಿವಿಗೆ ಬಿದ್ದರೆ ಕೈ ಓಡುತ್ತಿರಲಿಲ್ಲ. ಹೇಗೂ ಮೇಲೆ ಹಾಡು ಬರುತ್ತದೆ.

ಜೋಡಿಸಿದ್ದನ್ನೆಲ್ಲ ಕಂಪ್ಯೂಟರ್ ಒಂದು ವಿಡಿಯೊ ಮಾಡಿ ಕೊಡಬೇಕು. ಅದಕ್ಕೆ ರೆಂಡರ್ ಅನ್ನುತ್ತಾರೆ. ಹಬ್ಬಕ್ಕೆ ಹತ್ತು ದಿನ ಇದ್ದಾಗ ರೆಂಡರ್‌ಗೆ ಹಾಕಿದಳು. ಮೊದಲು ಆರು ಗಂಟೆ ಸಾಕು ಅಂತ ತೋರಿಸಿತು. ಕಾಲು ಗಂಟೆ ಕಳೆದು ನೋಡಿದರೆ ಹದಿನಾಲ್ಕು ಗಂಟೆ ಅಂತಿತ್ತು. ಆಮೇಲೆ ಮೂವತ್ತು. ಎರಡನೇ ದಿನ ಹತ್ತೊಂಬತ್ತು ಪರ್ಸೆಂಟಿಗೆ ನಿಂತೇ ಹೋಯಿತು. ಮುಟ್ಟಿದರೆ ಕಾದ ಕಾವಲಿ.

ಆರ್.ಟಿ. ನಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗಯಾಸ್ ಹತ್ತಿರ ಒಯ್ದಳು. ಅದಕ್ಕೇನೂ ಆಗಿಲ್ಲ ಅಂದ ಅವನು. ದೊಡ್ಡ ಕಂಪ್ಯೂಟರಿನ ಪ್ರೊಸೆಸರ್ ಹೆಸರೇ ಇದರ ಮೇಲೂ ಇದೆಯಲ್ಲ ಅಂತ ಧನಲಕ್ಷ್ಮಿ ಕೇಳಿದಳು.

"ಹೆಸರು ಒಂದೇ ಅಕ್ಕ, ಜೀವ ಬೇರೆ. ಅದು ಅರವತ್ತೈದು ವ್ಯಾಟ್, ಇದು ಐದು. ಬಿಸಿ ಆದ್ರೆ ತಾನೇ ನಿಧಾನ ಮಾಡ್ಕೊಳುತ್ತೆ, ಇಲ್ಲಾಂದ್ರೆ ಸುಟ್ಟೋಗುತ್ತಲ್ಲ. ನೀವು ಎಣ್ಣೆ ದೀಪದ ಮೇಲೆ ಎಸರಿಟ್ಟು ಮದುವೆ ಮನೆಗೆ ಮುದ್ದೆ ಮಾಡ್ತೀನಿ ಅಂತಿದೀರ."

ಎಲ್ಲಿಟ್ಟು ಕೆಲಸ ಮಾಡುತ್ತೀರಿ ಅಂತ ಕೇಳಿದ. ಪೆಟ್ಟು ಬೀಳದಿರಲಿ ಅಂತ ಮಡಿಸಿದ ಕಂಬಳಿ ಮೇಲೆ ಅಂದಳು. ಗಯಾಸ್ ಹಣೆ ಚಚ್ಚಿಕೊಂಡ. ಫ್ಯಾನ್ ಇಲ್ಲದ ಮಿಷಿನ್ನು, ಕಾವು ಕೆಳಗಿಂದಲೇ ಹೋಗಬೇಕು ಅಂದ.

ಮನೆಗೆ ಬಂದು ಲ್ಯಾಪ್‌ಟಾಪನ್ನು ರಾಗಿ ಬೀಸುವ ಕಲ್ಲಿನ ಮೇಲಿಟ್ಟಳು. ಗಡಿಯಾರ ನೋಡುತ್ತ ಕೂತಳು. ತಣ್ಣಗಿದ್ದರೆ ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ಕುಂಟುತ್ತದೆ. ಕರೆಂಟ್ ಹೋಗಿ ಬ್ಯಾಟರಿಗೆ ಬಂದರೆ ಇನ್ನೂ ಕುಂಟು. ಹಾಗಾದರೆ ಹತ್ತು ನಿಮಿಷವೇ ದುಡಿಯಲಿ ಅಂದುಕೊಂಡಳು. ಮದುವೆಯನ್ನು ನಾಲ್ಕು ನಾಲ್ಕು ನಿಮಿಷದ ತುಂಡು ಮಾಡಿದಳು. ಒಂದು ತುಂಡು ರೆಂಡರ್, ತಣ್ಣಗಾಗಲು ಒಂದು ಗಂಟೆ ಆಫ್. ಮತ್ತೆ ಒಂದು ತುಂಡು. ದಿನಕ್ಕೆ ಎಂಟು, ಕರೆಂಟ್ ಹೋದ ದಿನ ಮೂರು. ಒಲೆ ಮೇಲೆ ಅನ್ನ ಸೀದು ಹೋಗುತ್ತಿತ್ತು. ಸೀದದ್ದನ್ನೇ ತಿಂದಳು.

ಅಮಾವಾಸ್ಯೆ ಭಾನುವಾರ ಬಿತ್ತು. ಬೆಳಿಗ್ಗೆ ಹೊತ್ತಿಗೆ ಪೆನ್‌ಡ್ರೈವಿನಲ್ಲಿ ಮೂವತ್ತೆಂಟು ತುಂಡು ಸಾಲಾಗಿ ಕೂತಿದ್ದವು. ಧಾರೆಯೊಂದು ಬಾಕಿ. ಇಪ್ಪತ್ತಾರು ನಿಮಿಷ, ಎರಡು ಕ್ಯಾಮೆರಾ ಬೆರೆಸಿದ್ದು, ಎಲ್ಲಕ್ಕಿಂತ ಭಾರ. ಹನ್ನೊಂದಕ್ಕೆ ಮುನಿಕೃಷ್ಣಮ್ಮನ ಗಂಡ ಚಿಕ್ಕಬೈರಪ್ಪ ಬಂದು ಗೇಟಿನಾಚೆಯೇ ಸ್ಕೂಟರ್ ನಿಲ್ಲಿಸಿದ. ಗಂಡನ ಪೂಜೆಯ ದಿನ ಅವನು ಈ ಮನೆ ಒಳಗೆ ಬರುವುದಿಲ್ಲ, ಅವಳೂ ಕರೆಯಲಿಲ್ಲ. ತುಂಡು ಮಾಡಲು ಹೊತ್ತಿಲ್ಲದೆ ಇಡಿಯಾಗಿ ಹಾಕಿದ್ದ ಧಾರೆ ಇನ್ನೂ ಆರು ಗಂಟೆ ಅಂತ ತೋರಿಸುತ್ತಿತ್ತು. ಹಾರ್ನ್ ಎರಡು ಸಲ ಆಯಿತು.

ಧಾರೆ ಇಲ್ಲದ ಮದುವೆ ಕೊಡುವುದು ಹೇಗೆ. ರೆಂಡರ್ ನಿಲ್ಲಿಸಿದಳು. ಯೋಗಾನಂದ ತೆಗೆದಿದ್ದ ಧಾರೆಯನ್ನು ಕಾರ್ಡಿನಲ್ಲಿ ಇದ್ದ ಹಾಗೆಯೇ ಪೆನ್‌ಡ್ರೈವಿಗೆ ಕಾಪಿ ಮಾಡಿದಳು. ಹಾಡಿಲ್ಲ, ಕತ್ತರಿಯಿಲ್ಲ. ಓಡಿ ಹೋಗಿ ಗೇಟಿನ ಮೇಲಿಂದ ಕೊಟ್ಟಳು.

ನಾಲ್ಕು ಗಂಟೆಗೆ ಮುನಿಕೃಷ್ಣಮ್ಮನ ಫೋನು. ನೆಂಟರಿಗೆ ಕೇಳದ ಹಾಗೆ ದನಿ ತಗ್ಗಿಸಿದ್ದಳು.

"ಏನೇ ಧನಲಕ್ಷ್ಮಿ, ಇಂಗಾ ಮಾಡೋದು? ಧಾರೆ ಉಯ್ಯೋ ಒತ್ನಾಗೆ ನಿನ್ ಗಂಡ ಮಾತಾಡ್ತವ್ನೆ. ‘ಲೈಟ್ ಎತ್ತು ಧನಾ, ಇನ್ನೂ ಎತ್ತು’ ಅಂತ. ಇವತ್ತು ಎಂಥಾ ದಿನ ಅಂತ ಗೊತ್ತಿಲ್ವಾ? ಸತ್ತೋನ ದನಿ ಕೇಳಿ ನಮ್ ಬೀಗಿತ್ತಿ ಎದ್ದು ಒಳಗೋದ್ಲು. ನನ್ ಮಗಳು ಅಳ್ತಾ ಕೂತವ್ಳೆ."

"ತಪ್ಪಾಯ್ತು ಅಕ್ಕ. ನಾನು ಕೇಳಿಸ್ಕೊಂಡಿರ್ಲಿಲ್ಲ."

"ಬುಧವಾರದೊಳಗೆ ಆ ದನಿ ತೆಗ್ದು ಕೊಡು. ಒಂದ್ ಮಾತೂ ಇರ್ಬಾರ್ದು. ಆಗಲ್ಲ ಅಂದ್ರೆ ಈಗ್ಲೇ ಯೋಳು, ಬಾಲರಾಜ ಅವ್ನೆ."

ಆಗುತ್ತದೆ ಅಂದಳು.

ತೆಗೆಯಬೇಕಾದರೆ ಎಲ್ಲೆಲ್ಲಿದೆ ಅಂತ ಕೇಳಲೇಬೇಕು. ಎರಡು ತಿಂಗಳಲ್ಲಿ ಮೊದಲ ಸಲ ಸ್ಪೀಕರ್ ತೆರೆದಳು. ಹನ್ನೊಂದು ಕಡೆ ಇದ್ದ. ಒಂದು ಕಡೆ ಕೆಮ್ಮಿದ. ಒಂದು ಕಡೆ ಪುರೋಹಿತರಿಗೆ ಸ್ವಲ್ಪ ಸರೀರಿ ಸ್ವಾಮಿ ಅಂದ. ಆರು ಕಡೆ ಧನಾ ಅಂತ ಕರೆದ. ಎರಡನೇ ಸಲ ಕೇಳಲಿಲ್ಲ. ಇಪ್ಪತ್ತಾರು ನಿಮಿಷದ ಅಷ್ಟೂ ಸದ್ದನ್ನು ಅಳಿಸಿ, ಮೇಲೆ ನಾಗಸ್ವರ ಎಳೆದಳು. ಏಳು ತುಂಡು ಮಾಡಿ ಕಲ್ಲಿನ ಮೇಲಿಟ್ಟಳು.

ಭಾರದ ಕೆಲಸ, ಬೇಗ ಕಾದು ಹೋಗುತ್ತಿತ್ತು. ಒಂದೊಂದು ತುಂಡಿಗೂ ಒಂದೂವರೆ ಗಂಟೆ ಹಿಡಿಯಿತು. ಪರದೆಯ ಮೇಲೆ ಪಟ್ಟಿ ಕೂದಲೆಳೆಯಷ್ಟು ಸರಿಯುವುದು, ನಿಲ್ಲುವುದು. ನಿಂತಾಗೆಲ್ಲ ಈಗಲೇ ಬಿಟ್ಟುಬಿಡಲೇ ಅನಿಸಿತು. ಬಿಟ್ಟರೆ ಅಣ್ಣನ ಮನೆ. ಎದ್ದು ಸೆರಗಿನಿಂದ ಗಾಳಿ ಬೀಸಿದಳು.

ಬುಧವಾರ ಚಿಕ್ಕಬೈರಪ್ಪ ಒಳಗೆ ಬಂದು ಕೂತು, ಧಾರೆಯನ್ನು ಪೂರ್ತಿ ನೋಡಿದ. ಬರೀ ನಾಗಸ್ವರ. ತಲೆಯಾಡಿಸಿದ. ಚಿಕ್ಕವಳದು ನೀನೇ ಮಾಡು ಅಂತ ನಮ್ಮವಳು ಹೇಳಿದಾಳೆ, ಕ್ಯಾಮೆರಾಗೆ ಯಾರನ್ನಾದರೂ ನೋಡಿಕೊಳ್ಳವ್ವ ಅಂದ.

ಧನಲಕ್ಷ್ಮಿ ಆಗಲಿ ಅಂದಳು. ಅವನಿಗೆ ನೀರು ತರಲು ಒಳಗೆ ಹೋದವಳು ಎಷ್ಟು ಹೊತ್ತಾದರೂ ಈಚೆಗೆ ಬರಲಿಲ್ಲ.