ಪಂಪಿ ಮಲಗಿದ ಮಧ್ಯಾಹ್ನ

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಅಂತ ನಮ್ಮವ್ವ ಕಲಿಸಿದ್ದಳು. ಆದರೆ ಹೇಳದಿದ್ದರೆ ಈ ಕತೆ ಮುಂದೆ ಹೋಗುವುದಿಲ್ಲ. ನಮ್ಮ ಮನೆಯವರ ಹೆಸರು ಜಡೆಪ್ಪ. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಇಡೀ ಆಯುಷ್ಯ ಕಳೆದವರು. ಭತ್ತದ ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ, ಒಣಗಿದೆಯೋ ಇನ್ನೂ ಬಿಸಿಲು ಬೇಕೋ ಹೇಳಿಬಿಡುತ್ತಿದ್ದರು. ಅದೇ ಮನುಷ್ಯ ಸ್ವಂತ ಮಗಳು ಕೂಸಾಗಿದ್ದಾಗ ಒಂದು ದಿನವೂ ಎತ್ತಿ ಮಲಗಿಸಿದವರಲ್ಲ. ಗಿರಣಿಯಿಂದ ಬರುವರು, ತೊಟ್ಟಿಲೊಳಗೆ ಇಣುಕುವರು, "ಮಲಗೈತೇನು?" ಅನ್ನುವರು, ಊಟಕ್ಕೆ ಕೂಡುವರು. ಮಕ್ಕಳು ತಾವಾಗಿಯೇ ಮಲಗುತ್ತವೆ ಅಂತ ಬಹಳ ವರ್ಷ ನಂಬಿದ್ದರೋ ಏನೋ.

ಈಗ ಮಲಪನಗುಡಿಯ ನಮ್ಮ ಮನೆಯಲ್ಲಿ ಅವರೇ ನಾಲ್ಕು ತಿಂಗಳ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯ ತುಂಬ ತಿರುಗುತ್ತಾರೆ. ಕೂಸಿನ ಹೆಸರು ಪಂಪಾ, ನಾವು ಕರೆಯುವುದು ಪಂಪಿ ಅಂತ. ನಾನು ಮಂಚದ ಮೇಲೆ ಮಲಗಿ ನೋಡುತ್ತೇನೆ. ನೋಡುವುದೊಂದೇ ನನಗೆ ಉಳಿದ ಕೆಲಸ. ಹೋದ ತಿಂಗಳು ಬಾಣಂತಿ ಮಗಳಿಗೆ ನೀರು ಕಾಯಿಸಲು ಹೋಗಿ ಬಚ್ಚಲಲ್ಲಿ ಜಾರಿ ಬಿದ್ದೆ; ತೊಡೆಯ ಮೂಳೆ ಮುರಿಯಿತು, ಒಳಗೆ ರಾಡು ಕೂಡಿಸಿದರು. ಯಾರಾದರೂ ಸೊಂಟಕ್ಕೆ ಕೈಕೊಟ್ಟು ಎತ್ತಿದರಷ್ಟೇ ನಾನು ಏಳಬಲ್ಲೆ. ಬಾಣಂತನ ಮಾಡಬೇಕಾದವಳೇ ಬಾಣಂತಿಗಿಂತ ಕಡೆಯಾಗಿ ಬಿದ್ದುಕೊಂಡೆ. ಹಾಳಾದ ಕಾಲು!

ಮಗಳು ತ್ರಿವೇಣಿ ಹೊಸಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಅಳಿಯ ವೀರೇಶನದು ಸಂಡೂರಿನ ಗಣಿಯಲ್ಲಿ ಪಾಳಿ ಕೆಲಸ, ವಾರಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುತ್ತಾನೆ. ಅವನ ಮನೆಯಲ್ಲಿ ಕೂಸು ನೋಡುವ ಹೆಂಗಸರು ಯಾರೂ ಇಲ್ಲ. ರಜೆ ಮುಗಿಯಿತು, ಬರುವುದಿದ್ದರೆ ಬಾ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಅಂದರು ಆಸ್ಪತ್ರೆಯವರು. ನರ್ಸಿಂಗ್ ಬೇಡ ಅಂತ ನೆಂಟರೆಲ್ಲ ಅಡ್ಡ ನಿಂತಾಗ ಊಟ ಬಿಟ್ಟು ಹಟ ಹಿಡಿದು ಓದಿದ ಹುಡುಗಿ ಅವಳು. ಆ ಕೆಲಸ ಹೋದರೆ ಅವಳಲ್ಲಿ ಏನು ಉಳಿಯುತ್ತದೆ?

ಕೆಲಸಕ್ಕೆ ಹೊರಟ ದಿನ ಅಪ್ಪನನ್ನು ಎದುರು ಕೂಡಿಸಿಕೊಂಡು ಪಾಠ ಹೇಳಿದಳು.

"ಅಪ್ಪ, ಕೇಳಿಲ್ಲಿ. ಇಷ್ಟು ಸಣ್ಣ ಕೂಸು ಎಚ್ಚರ ಇರೋದು ಒಂದೂವರಿ ತಾಸು, ಭಾಳಂದ್ರ ಎರಡು. ಅಷ್ಟರಾಗ ಮಲಗಿಸಿಬಿಡು. ಕಣ್ಣು ತಿಕ್ಕಿದ್ಲು, ಕಿವಿ ಜಗ್ಗಿದ್ಲು, ಸುಮ್ನ ಎತ್ತಾಗೋ ನೋಡಾಕ ಹತ್ತಿದ್ಲು ಅಂದ್ರ ನಿದ್ದಿ ಬಂತು ಅಂತ ತಿಳ್ಕ. ಅಳೋ ತನಕ ಕಾಯಬ್ಯಾಡ."

"ಆತವ್ವ. ಅಷ್ಟು ದೊಡ್ಡ ಗಿರಣಿ ನೋಡ್ಕೊಂಡೀನಿ, ಒಂದು ಕೂಸು ಮಲಗಿಸಾಕ ಬರಂಗಿಲ್ಲೇನು?" ಅಂದರು ಇವರು.

ಬಂತು ಬಿಡಿ! ಹಮಾಲರು ಮೂಟೆ ಹೊತ್ತು ದಣಿದು ಚೀಲದ ಮೇಲೆಯೇ ಗೊರಕೆ ಹೊಡೆಯುವುದನ್ನು ನೋಡಿದ ತಲೆ ಅದು. ದಣಿದಷ್ಟೂ ನಿದ್ದೆ ಚೆನ್ನ ಅಂತ ಅವರ ಲೆಕ್ಕ. ಬೆಳಿಗ್ಗೆ ನಮ್ಮ ಓಣಿಯ ನಿಂಗಕ್ಕ ಬಂದು ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಾಳೆ, ನನ್ನನ್ನೂ ಒರೆಸಿ ಬಟ್ಟೆ ಬದಲಿಸುತ್ತಾಳೆ. ಆಮೇಲೆ ಕಡ್ಡಿರಾಂಪುರದ ಹೋಂಸ್ಟೇ ಕೆಲಸಕ್ಕೆ ಹೋದರೆ ಬರುವುದು ಸಂಜೆಗೇ. ನೀರು ಹಾಕಿದ ಮೇಲೆ ಪಂಪಿ ತಾನಾಗಿ ಮಲಗಿದಳು. ಫಜೀತಿ ಶುರುವಾದದ್ದು ಅವಳು ಎದ್ದ ಮೇಲೆ. ಇವರು ಎಮ್ಮೆ ತೋರಿಸಿದರು, ಕೋಳಿ ತೋರಿಸಿದರು, ಹಂಪಿಗೆ ಹೋಗುವ ಬಸ್ಸು ತೋರಿಸಿದರು. ಕೂಸು ಕಣ್ಣು ತಿಕ್ಕಿತು.

"ರೀ, ಮಲಗಿಸ್ರಿ! ಕಿವಿ ಬ್ಯಾರೆ ಜಗ್ಗಾಕತ್ಯಾಳ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರಿ?"

"ಲೇ, ನಗಾಕತ್ಯಾಳ ನೋಡು. ನಗೋ ಕೂಸಿನ ಯಾರು ಮಲಗಿಸ್ತಾರ? ಇನ್ನಷ್ಟು ದಣೀಲಿ, ಆಮ್ಯಾಲ ಸಂಜಿ ಮಟ ಏಳಂಗಿಲ್ಲ."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನನ್ನ ಮಾತು. ಸ್ವಲ್ಪ ಹೊತ್ತಿಗೆ ನಗು ಹೋಗಿ ಅಳು ಬಂತು. ಅಯ್ಯೋ ಶಿವನೇ, ಎಂಥ ಅಳು! ತೊಟ್ಟಿಲಿಗೆ ಹಾಕಿದರೆ ಸಿಡಿದೇಳುವುದು, ಹೆಗಲಿಗೆ ಹಾಕಿದರೆ ಹಿಂದಕ್ಕೆ ಬಾಗಿ ಕಾಲು ಝಾಡಿಸುವುದು. ನಿದ್ದೆ ಕಣ್ಣಿನ ತುಂಬ ಇದೆ, ಮಲಗಲು ಮಾತ್ರ ಆಗುತ್ತಿಲ್ಲ. "ಕೊಡ್ರಿ ಇಲ್ಲಿ" ಅಂತ ಕೈಚಾಚಿದೆ. ನನ್ನ ಮಗ್ಗುಲಲ್ಲಿ ಮಲಗಿಸಿದರು. ಕೂಸು ಒದ್ದದ್ದು ನನ್ನ ಮುರಿದ ಕಾಲಿಗೇ ತಾಗಿ ನಾನು ಚೀರಿದೆ, ನಾನು ಚೀರಿದ್ದಕ್ಕೆ ಅದು ಇನ್ನಷ್ಟು ಚೀರಿತು. ಇವರು ಇಬ್ಬರ ನಡುವೆ ಕೈ ಆಡಿಸುತ್ತ ನಿಂತರು.

ಎರಡು ದಿನ ಇದೇ ಪಾಡು. ಎರಡನೆಯ ಸಂಜೆ ತ್ರಿವೇಣಿ ಬಂದಾಗ ಕೂಸಿನ ಗಂಟಲು ಕಟ್ಟಿತ್ತು, ಬಿಕ್ಕಳಿಕೆ ಮಾತ್ರ ಉಳಿದಿತ್ತು. ಎತ್ತಿಕೊಂಡು ಎದೆಗೆ ಹಚ್ಚಿಕೊಂಡಳು.

"ನಾಳೆ ಒಂದಿನ ನೋಡ್ತೀನವ್ವ. ನಾಳೆನೂ ಹಿಂಗ ಆದ್ರ ಕೆಲಸ ಬ್ಯಾಡ. ಇದರ ಜೀವಕ್ಕಿಂತ ದೊಡ್ಡದೇನೈತಿ?"

ಸಿಟ್ಟಿನಿಂದ ಹೇಳಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಅವಳು ಮೆಲ್ಲಗೆ ಹೇಳಿದಳು. ಒಗೆದಿಟ್ಟಿದ್ದ ಇನ್ನೊಂದು ಯೂನಿಫಾರ್ಮನ್ನು ಮಡಚಿ ಕಪಾಟಿನ ತಳಕ್ಕೆ ಸೇರಿಸಿದಳು. ನಾನು ಮಲಗಿದಲ್ಲಿಂದಲೇ ಅದನ್ನು ಕಂಡೆ.

ಇವರು ಅವತ್ತು ಊಟಕ್ಕೆ ಏಳಲಿಲ್ಲ. ನನ್ನ ಮಂಚದ ಕಾಲಿಗೆ ಒರಗಿ ಕೂತು ಕೇಳಿದರು: "ಸುವರ್ಣಾ, ಭತ್ತ ಮೀರಿ ಒಣಗಿದ್ರ ಏನಾಗ್ತೈತಿ?"

"ನುಚ್ಚಾಗ್ತೈತಿ. ಅದನ್ನ ನನಗ್ಯಾಕ ಕೇಳ್ತೀರಿ?"

"ಕೂಸಿಗೂ ನಾ ಹಂಗಾ ಮಾಡೀನಿ. ಹೊತ್ತು ಮೀರಿಸೀನಿ."

ಬೇರೆ ದಿನವಾಗಿದ್ದರೆ ಚುಚ್ಚದೆ ಬಿಡುವವಳಲ್ಲ ನಾನು. ಆ ಮುಖ ನೋಡಿ, "ಏಳ್ರಿ, ಉಂಡು ಬರ್ರಿ" ಅಂದೆ.

ಮರುದಿನ ಪಂಪಿಯನ್ನು ಅಂಗಳದಲ್ಲಿ ಹರಡಿದ ಭತ್ತದ ಹಾಗೆ ಕಾದರು. ಎಮ್ಮೆ ಇಲ್ಲ, ಬಸ್ಸು ಇಲ್ಲ. ತ್ರಿವೇಣಿ ಹಿಂಡಿಟ್ಟು ಹೋಗಿದ್ದ ಎದೆಹಾಲನ್ನು ಚಮಚದಲ್ಲಿ ಕುಡಿಸಿದರು, ಸ್ವಲ್ಪ ಆಡಿಸಿದರು. ಕೂಸು ಗೋಡೆಯ ಕಡೆ ಸುಮ್ಮನೆ ನೋಡತೊಡಗಿದ್ದೇ ತಡ, ಕಿಟಕಿ ಮುಚ್ಚಿದರು. ಫೋನು ಹೊಡೆದುಕೊಂಡರೆ ಕೇಳಿಸಬಾರದು ಅಂತ ಅಡುಗೆಮನೆಯ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ಬಂದರು. ತೊಟ್ಟಿಲಿಗೆ ಬೆನ್ನು ತಾಗಿದ ಕೂಡಲೇ ಕೂಸು ಕಣ್ಣು ಬಿಟ್ಟಿತು. ಮತ್ತೆ ಎತ್ತಿಕೊಂಡು ಕುರ್ಚಿಯಲ್ಲಿ ಒರಗಿ, ಎದೆಯ ಮೇಲೆ ಹಾಕಿಕೊಂಡು ಬೆನ್ನು ಸವರಿದರು. ಸವರುತ್ತ ಸವರುತ್ತ ಪಂಪಿ ಮಲಗಿದಳು!

"ನೀವು ಕಣ್ಣು ಮುಚ್ಚಿಗಿಚ್ಚೀರಿ, ಕೂಸು ಜಾರೀತು" ಅಂತ ಪಿಸುಗುಟ್ಟಿದೆ. ಇಲ್ಲ ಅಂತ ತಲೆಯಾಡಿಸಿದರು. ಮುಖದಲ್ಲಿ ಏನು ಗೆಲುವು ಅಂತೀರಿ! ನನಗೂ ನಗು ಬಂತು.

ಆ ನಗು ಬಹಳ ಹೊತ್ತು ಉಳಿಯಲಿಲ್ಲ. ನನಗೆ ಒಂದಕ್ಕೆ ಅವಸರವಾಯಿತು.

ಪಾತ್ರೆ ಮಂಚದ ಕೆಳಗೇ ಇದೆ. ಆದರೆ ಯಾರಾದರೂ ನನ್ನನ್ನು ಎತ್ತಿ ಅದನ್ನು ಒಳಗೆ ಸರಿಸಬೇಕು. ತಡೆದುಕೊಂಡೆ. ಇನ್ನೂ ತಡೆದುಕೊಂಡೆ. ಇಷ್ಟು ವರ್ಷ ಜೊತೆಗಿದ್ದ ಗಂಡನಿಗೆ ನನ್ನ ಮುಖ ಓದಲು ಬರುತ್ತದೆ. ಮೆಲ್ಲಗೆ ಏಳಲು ನೋಡಿದರು. ಕೂಸು ತುಟಿ ಮುರಿದು ಕುಂಯ್ ಅಂದಿತು. ನಾನು ಕೈ ಅಡ್ಡ ಮಾಡಿದೆ, ಕೂತರು. ಸ್ವಲ್ಪ ತಡೆದು ಮತ್ತೆ ಎದ್ದರು, ಮತ್ತೆ ಕೂಸು ಕುಂಯ್ ಅಂದಿತು. ಅರ್ಧಕ್ಕೆ ಎದ್ದ ಕೂಸು ಸಂಜೆಯವರೆಗೆ ಹೇಗೆ ಚೀರುತ್ತದೆ ಅಂತ ಎರಡು ದಿನ ಕಂಡಿದ್ದೆವಲ್ಲ. ಪಕ್ಕದ ಮನೆಯವರನ್ನು ಕೂಗಿದರೆ ಅದೇ ಕೂಗಿಗೆ ಕೂಸು ಏಳುತ್ತದೆ. ಫೋನು ಅಕ್ಕಿಯಲ್ಲಿದೆ. ನಾನೇ ಕೈಯೂರಿ ಸೊಂಟ ಎತ್ತಲು ಹೋದೆ. ಜೀವ ಹೋದ ಹಾಗಾಗಿ ಸೆರಗು ಕಚ್ಚಿಕೊಂಡೆ. ಕಪಾಟಿನ ತಳದಲ್ಲಿದ್ದ ಯೂನಿಫಾರ್ಮ್ ಕಣ್ಣ ಮುಂದೆ ಬಂತು.

ಇವರು ಮೂರನೆಯ ಸಲ ಏಳಲು ಹೊರಟಾಗ, ಬೇಡ ಅಂತ ತಲೆಯಾಡಿಸಿದೆ. ಅಷ್ಟರಲ್ಲಿ ಆಗಿಹೋಗಿತ್ತು.

ಅಡಿಗೆ ಹಾಸಿದ್ದ ದುಪ್ಪಟಿ ಬೆಚ್ಚಗಾಯಿತು, ಆಮೇಲೆ ತಣ್ಣಗಾಯಿತು. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೆ. ಗಂಡನ ಎದುರು ತಲೆಯ ಸೆರಗು ಜಾರದಂತೆ ಬದುಕಿದವಳು ನಾನು. ಸತ್ತರೂ ಚೆನ್ನಾಗಿತ್ತು ಅನ್ನಿಸಿತು. ತುಂಬ ಹೊತ್ತಾದ ಮೇಲೆ ತಿರುಗಿ ನೋಡಿದರೆ, ಇವರು ಅಳುತ್ತಿದ್ದರು. ಸದ್ದಿಲ್ಲದೆ. ಎರಡು ಕೈಯೂ ಕೂಸಿನ ಮೇಲಿದ್ದವು, ಒರೆಸಿಕೊಳ್ಳಲೂ ಆಗದ ಕಣ್ಣೀರು ಗಡ್ಡದಿಂದ ಇಳಿದು ಪಂಪಿಯ ನೆತ್ತಿ ತೋಯಿಸುತ್ತಿತ್ತು. ಅವಳು ಹಾಯಾಗಿ ಮಲಗಿದ್ದಳು.

ಕೂಸು ನಗುತ್ತಲೇ ಎದ್ದಿತು. ಅದನ್ನು ತೊಟ್ಟಿಲಲ್ಲಿ ಬಿಟ್ಟು, ನೀರು ಬಿಸಿ ಮಾಡಿ ತಂದು, ನನ್ನನ್ನು ಒರೆಸಿ ಸೀರೆ ಬದಲಿಸಿದರು. ಗಿರಣಿಯ ಕೈಗಳು, ಅಂಥ ಕೆಲಸ ಎಂದೂ ಮಾಡಿದವಲ್ಲ. "ಈ ಕಡೆ ಸರಿ" ಅಂದರು. ದುಪ್ಪಟಿ ಒಗೆದು ಅಂಗಳದ ತಂತಿಯ ಮೇಲೆ ಕೂಸಿನ ಬಟ್ಟೆಗಳ ಪಕ್ಕ ಹರವಿದರು. ಹೊತ್ತಿಗೆ ಸರಿಯಾಗಿ ಪಂಪಿಯನ್ನು ಮತ್ತೊಮ್ಮೆ ಎದೆಯ ಮೇಲೆಯೇ ಮಲಗಿಸಿದರು.

ಸಂಜೆ ತ್ರಿವೇಣಿ ಓಡುತ್ತ ಬಂದಳು. ಕೂಸು ಕೈಕಾಲು ಬಡಿಯುತ್ತ ಆಡುತ್ತಿತ್ತು.

"ಮಲಗಿದ್ಲಾ ಅಪ್ಪ?"

"ಮಸ್ತ್ ಮಲಗಿದ್ಲವ್ವ."

ಅವಳ ಮುಖ ಅರಳಿತು. ಅಷ್ಟರಲ್ಲಿ ಕಣ್ಣು ಅಂಗಳಕ್ಕೆ ಹೋಯಿತು. "ಅವ್ವನ ದುಪ್ಪಟಿ ಯಾಕ ಒಗದೀಯಪ್ಪ? ಬೆಳಿಗ್ಗಿ ನಿಂಗಕ್ಕ ಹೊಸದು ಹಾಸಿದ್ಲಲ್ಲ."

ಗೊತ್ತಾದರೆ ಇವಳು ನಾಳೆ ಹೊಸ್ತಿಲು ದಾಟುವವಳಲ್ಲ.

"ಪಂಪಿ ಮಾಡಿದ್ಲು" ಅಂದರು ಇವರು. "ಅವ್ವನ ಮಗ್ಗಲಾಗ ಹಾಕಿದ್ದೆ."

ತ್ರಿವೇಣಿ ಕೂಸನ್ನು ಎತ್ತಿ ಕುಂಡಿಗೆ ಮೆಲ್ಲಗೆ ಒಂದು ಕೊಟ್ಟಳು. "ಅಜ್ಜಿ ಹಾಸಿಗಿ ಹಸಿ ಮಾಡ್ತೀಯೇನ ನೀನು? ನಾಚಿಕಿಲ್ಲೇನ ನಿನಗ?"

ಪಂಪಿ ಕಿಲಕಿಲ ನಕ್ಕಳು. ಇವರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ? ತ್ರಿವೇಣಿ ಕಪಾಟಿನ ತಳದಿಂದ ಯೂನಿಫಾರ್ಮ್ ತೆಗೆದು ಝಾಡಿಸಿದಳು.

"ನಾಳೆ ಹೋಗ್ಲಾ ಅವ್ವ?"

"ಹೋಗವ್ವ" ಅಂದೆ.

ಅವಳು ಕೂಸಿಗೆ ಹಾಲೂಡಿಸಲು ಒಳಗೆ ಹೋದಳು. ಇವರು ಹಿತ್ತಲಿನಿಂದ ಒಂದು ಹಳೆಯ ತಾಡಪತ್ರಿ ತಂದರು, ಗಿರಣಿಯಲ್ಲಿದ್ದಾಗ ಮಳೆಗೆ ಭತ್ತ ನೆನೆಯದಂತೆ ಹೊದಿಸುತ್ತಿದ್ದದ್ದು. ಅದನ್ನು ನನ್ನ ಮಂಚದ ಅಳತೆಗೆ ಕತ್ತರಿಸಿ, ನನ್ನನ್ನು ಒಂದು ಮಗ್ಗುಲಿಗೆ ಸರಿಸಿ, ದುಪ್ಪಟಿಯ ಅಡಿಗೆ ಹಾಸಿದರು.